ಕೋಣಗಳ ಕಾಳಗ, ಗಿಡದ ಕತೆ

"ಕಳೆದ ಸಂಚಿಕೆಯಲ್ಲಿ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಿಗೆ ನಾಲ್ಕು ಪುಟ, ಅಮೆರಿಕ–ಚೀನಾ ಪೈಪೋಟಿಗೆ ಅರ್ಧ ಪುಟ. ಇದ್ಯಾವ ಲೆಕ್ಕ? ಚರಿತ್ರೆಯನ್ನು ನಡೆಸುವುದು ದೊಡ್ಡ ರಾಷ್ಟ್ರಗಳು. ನಲವತ್ತು ವರ್ಷದ ಶೀತಲ ಸಮರವನ್ನು ಒಂದು ಗುಂಡೂ ಹಾರಿಸದೆ ಅವರು ಮುಗಿಸಿದರು. ಈಗ ಎರಡನೆಯದು ಶುರುವಾಗಿದೆ. ಗೆಲ್ಲುವುದು ಯಾರು ಅಂತ ನೇರವಾಗಿ ಬರೆಯಿರಿ. ದ್ವೀಪಗಳ ಕತೆ ಆಮೇಲೆ ಓದೋಣ."
— ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು

ಸಂಪಾದಕರ ಉತ್ತರ:

ಮೇಷ್ಟ್ರೇ,

ನಿಮ್ಮ ಪತ್ರವನ್ನು ಖುಷಿಯಾಗಿಯೇ ಓದುತ್ತಿದ್ದೆ. ಬೈಗುಳವೂ ಹದವಾಗಿತ್ತು. 'ಒಂದು ಗುಂಡೂ ಹಾರಿಸದೆ' ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದಿಟ್ಟೆ. ಆ ಮೂರು ಪದ ಇಲ್ಲದಿದ್ದರೆ ಈ ಉತ್ತರ ಮೂರು ಸಾಲಿನಲ್ಲಿ ಮುಗಿಯುತ್ತಿತ್ತು. ಈಗ ಮುಗಿಯುವುದಿಲ್ಲ. ತಪ್ಪು ನಿಮ್ಮದೇ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಅರ್ಧ ಪುಟ ಕಡಿಮೆಯಾಯಿತು, ಒಪ್ಪಿದೆ. ಚಿಪ್ ಮಾಡುವ ಯಂತ್ರಗಳನ್ನು ಚೀನಾಕ್ಕೆ ಮಾರಬೇಡಿ ಎಂದು ಅಮೆರಿಕ ತನ್ನ ಗೆಳೆಯರಿಗೆ ತಾಕೀತು ಮಾಡುತ್ತದೆ. ಚೀನಾ ತನ್ನ ವಿರಳ ಖನಿಜಗಳ ರಫ್ತಿಗೆ ಬೀಗ ಹಾಕುತ್ತದೆ. ಅದರ ಬಿಸಿ ಎಲ್ಲರಿಗೂ ತಟ್ಟುತ್ತದೆ. 1945ರ ನಂತರ ಅಮೆರಿಕ ಮತ್ತು ರಷ್ಯಾ ಒಬ್ಬರ ಮೇಲೊಬ್ಬರು ಯುದ್ಧ ಸಾರಿಲ್ಲ ಎಂಬುದೂ ನಿಜ. ಒಮ್ಮೊಮ್ಮೆ ಕೈ ಜೋಡಿಸಿದ್ದೂ ಉಂಟು. ಸಿಡುಬನ್ನು ಭೂಮಿಯಿಂದಲೇ ಓಡಿಸೋಣ ಎಂದು 1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಂದೆ ಹೇಳಿದವರು ಸೋವಿಯತ್ ವೈದ್ಯ ವಿಕ್ಟರ್ ಜ್ದಾನೋವ್. 1967ರಿಂದ ಆ ಕೆಲಸದ ಮುಂದಾಳಾಗಿದ್ದವರು ಅಮೆರಿಕದ ಡೊನಾಲ್ಡ್ ಹೆಂಡರ್‌ಸನ್. 1980ರಲ್ಲಿ ಸಿಡುಬು ಹೋಯಿತು ಎಂದು ಘೋಷಣೆಯೂ ಆಯಿತು. ದೊಡ್ಡವರಿಗೆ ಇದಕ್ಕಾಗಿ ಒಂದು ನಮಸ್ಕಾರ.

ನಮಸ್ಕಾರ ಆಯಿತು. ಇನ್ನು ಆ ಗುಂಡಿನ ವಿಷಯಕ್ಕೆ ಬರೋಣ.

'ಶೀತಲ ಸಮರ' ಎಂಬ ಮಾತನ್ನು ಕನ್ನಡಕ್ಕೆ ಮೊದಲು ತಂದವರು ಯಾರೋ, ಅವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಶೀತಲ ಅಂದರೆ ನಮ್ಮ ಕಿವಿಗೆ ಹಿತವಾದದ್ದು. ಶೀತಲ ಗಾಳಿ, ಶೀತಲ ನೆರಳು. ಮೂಲದ ಮಾತಿನಲ್ಲಿ ಕೊರೆಯುವ ಚಳಿಯಾದರೂ ಇತ್ತು. ನಾವು ಅದನ್ನು ತಂಪು ಮಾಡಿ ಪಠ್ಯಪುಸ್ತಕಕ್ಕೆ ಹಾಕಿದೆವು. ನೀವು ಅದನ್ನೇ ಮೂವತ್ತು ವರ್ಷ ಪಾಠ ಮಾಡಿದಿರಿ. ಆದರೆ ಅದು ಯಾರಿಗೆ ತಂಪಾಗಿತ್ತು ಮೇಷ್ಟ್ರೇ? ವಾಷಿಂಗ್ಟನ್ನಿಗೆ, ಮಾಸ್ಕೋಗೆ ಇರಬಹುದು. ಕೊರಿಯಾದಲ್ಲಿ ಮೂರೇ ವರ್ಷದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಲಾವೋಸ್ ಕತೆ ಇನ್ನೂ ವಿಚಿತ್ರ. ಅಮೆರಿಕ ಆ ದೇಶದ ಮೇಲೆ ಯುದ್ಧ ಸಾರಲೇ ಇಲ್ಲ. 1964ರಿಂದ 1973ರವರೆಗೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿಯಿತು, ಅಷ್ಟೇ. ಒಂಬತ್ತು ವರ್ಷ, ಹಗಲೂ ರಾತ್ರಿ, ಸರಾಸರಿ ಎಂಟು ನಿಮಿಷಕ್ಕೊಂದು ವಿಮಾನದ ಲೆಕ್ಕ. ಒಂದೊಂದು ದೊಡ್ಡ ಬಾಂಬಿನ ಹೊಟ್ಟೆಯಲ್ಲಿ ನೂರಾರು ಸಣ್ಣ ಗುಂಡುಗಳು. ಅಂಥ ಗುಂಡುಗಳು ಒಟ್ಟು 27 ಕೋಟಿ. ಅವುಗಳಲ್ಲಿ ಸುಮಾರು 8 ಕೋಟಿ ಆಗ ಸಿಡಿಯಲಿಲ್ಲ. ಮಣ್ಣಿನಲ್ಲಿ ಹೂತು ಕೂತವು. ಗದ್ದೆ ಅಗೆಯುವಾಗ, ಮಕ್ಕಳು ಚೆಂಡು ಅಂದುಕೊಂಡು ಎತ್ತಿಕೊಂಡಾಗ ಈಗಲೂ ಸಿಡಿಯುತ್ತವೆ. ಅಲ್ಲಿನ ಜನ ಅವಕ್ಕೆ 'ಬಾಂಬಿ' ಅನ್ನುತ್ತಾರೆ. ಸಾಕಿದ ಪ್ರಾಣಿಯ ಹೆಸರಿನ ಹಾಗಿದೆ, ಅಲ್ವಾ?

ನೀವು ಕೇಳಬಹುದು, ಇದೆಲ್ಲ ಗೊತ್ತಿದ್ದದ್ದೇ, ಈಗ ಯಾಕೆ ಅಂತ. ನನ್ನ ಹಟಕ್ಕೆ ಒಂದು ಹಿನ್ನೆಲೆ ಇದೆ. ಅದನ್ನು ಹೇಳಿಬಿಡುತ್ತೇನೆ.

1991ರ ಆಗಸ್ಟ್ ಕೊನೆ. ನಾನಾಗ ಒಂದು ದಿನಪತ್ರಿಕೆಯ ವಿದೇಶ ಪುಟ ನೋಡಿಕೊಳ್ಳುತ್ತಿದ್ದ ಎಳೆಯ ಉಪಸಂಪಾದಕ. ಮಾಸ್ಕೋದಲ್ಲಿ ದಂಗೆ ಎದ್ದು, ಮೂರೇ ದಿನದಲ್ಲಿ ಮುರಿದುಬಿದ್ದು, ಸೋವಿಯತ್ ಒಕ್ಕೂಟ ಕಣ್ಣ ಮುಂದೆ ಕುಸಿಯುತ್ತಿದ್ದ ದಿನಗಳು. ಟೆಲಿಪ್ರಿಂಟರ್ ಬಿಡುವಿಲ್ಲದೆ ಕಾಗದ ಕಕ್ಕುತ್ತಿತ್ತು. ಅದರ ನಡುವೆ ಕಜಾಕಸ್ತಾನದ್ದೊಂದು ಸಣ್ಣ ಸುದ್ದಿ ಬಂತು. ಸೆಮಿಪಲಾಟಿನ್‌ಸ್ಕ್ ಅಣು ಪರೀಕ್ಷಾ ಮೈದಾನವನ್ನು ಮುಚ್ಚಲಾಗಿದೆ. ನಾಲ್ಕೈದು ಸಾಲು. ಪುಟದಲ್ಲಿ ಯೆಲ್ಟ್ಸಿನ್, ಗೋರ್ಬಚೆವ್ ತುಂಬಿಹೋಗಿದ್ದರು. ಜಾಗ ಇರಲಿಲ್ಲ. ಮುದ್ದೆ ಮಾಡಿ ಬುಟ್ಟಿಗೆ ಎಸೆದೆ. ಯಾರೂ ಕೇಳಲಿಲ್ಲ. ನನಗೂ ಏನೂ ಅನಿಸಲಿಲ್ಲ.

ಏನನ್ನು ಎಸೆದೆ ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಓದುತ್ತಾ ಹೋದಾಗ. ಆ ಬಯಲಿನಲ್ಲಿ 1949ರಿಂದ 1989ರವರೆಗೆ 456 ಅಣು ಪರೀಕ್ಷೆಗಳು ನಡೆದಿದ್ದವು. ಸುತ್ತ ಹಳ್ಳಿಗಳಿದ್ದವು. ಅಲ್ಲಿನವರಿಗೆ ಯಾರೂ ಏನೂ ಹೇಳಿರಲಿಲ್ಲ. 1989ರ ಫೆಬ್ರವರಿಯಲ್ಲಿ ಓಲ್ಜಾಸ್ ಸುಲೇಮೆನೋವ್ ಎಂಬ ಕಜಾಕ್ ಕವಿಯನ್ನು ಟಿವಿಯಲ್ಲಿ ಕವಿತೆ ಓದಲು ಕರೆದಿದ್ದರು. ನೇರ ಪ್ರಸಾರ. ಅವರು ಕವಿತೆ ಓದಲಿಲ್ಲ. ಪರೀಕ್ಷೆ ನಿಲ್ಲಿಸಿ ಎಂಬ ಹೇಳಿಕೆ ಓದಿದರು. ಮರುದಿನ ಲೇಖಕರ ಸಂಘದ ಕಟ್ಟಡಕ್ಕೆ ಬನ್ನಿ ಎಂದು ಜನರನ್ನು ಕರೆದರು. ಸಾವಿರಾರು ಜನ ಬಂದರು.

ಅಲ್ಲಿ ಹುಟ್ಟಿದ ಚಳವಳಿಗೆ ಅವರು ಇಟ್ಟ ಹೆಸರು ನೋಡಿ: 'ನೆವಾಡಾ–ಸೆಮಿಪಲಾಟಿನ್‌ಸ್ಕ್'. ನೆವಾಡಾ ಅಂದರೆ ಅಮೆರಿಕ ತನ್ನ ಬಾಂಬುಗಳನ್ನು ಪರೀಕ್ಷಿಸುತ್ತಿದ್ದ ಮರುಭೂಮಿ. ಎರಡು ಬಣಗಳು ಒಂದಕ್ಕೊಂದು ಕ್ಷಿಪಣಿ ಗುರಿಯಿಟ್ಟು ಕೂತಿದ್ದಾಗ ಈ ಜನ ಆ ಕಡೆಯ ನೊಂದವರನ್ನು ತಮ್ಮ ಹೆಸರಿನೊಳಗೇ ಸೇರಿಸಿಕೊಂಡರು. ಮೈದಾನ ಮುಚ್ಚಿದ್ದು 1991ರ ಆಗಸ್ಟ್ 29. ಮೊದಲ ಸೋವಿಯತ್ ಬಾಂಬ್ ಅಲ್ಲಿ ಸಿಡಿದದ್ದು 1949ರ ಆಗಸ್ಟ್ 29. ವಿಶ್ವಸಂಸ್ಥೆ ಈಗ ಆ ದಿನವನ್ನು ಅಣು ಪರೀಕ್ಷಾ ವಿರೋಧಿ ದಿನವಾಗಿ ಆಚರಿಸುತ್ತದೆ. ಇಷ್ಟನ್ನೂ ನಾನು ಬುಟ್ಟಿಗೆ ಹಾಕಿದ್ದೆ. ಮಾರ್ಷಲ್ ದ್ವೀಪಗಳಿಗೆ ನಾಲ್ಕು ಪುಟ ಯಾಕೆ ಅಂತ ಕೇಳಿದಿರಲ್ಲ, ಅವೂ ಅಮೆರಿಕ ತನ್ನ ಅಣುಬಾಂಬುಗಳನ್ನು ಪರೀಕ್ಷಿಸಿದ ದ್ವೀಪಗಳೇ. ಆ ಪುಟಗಳು ಒಂದು ರೀತಿ ಹಳೇ ಸಾಲದ ಕಂತು.

ಎರಡು ಕೋಣ ಕಾದಾಡಿದರೆ ಗಿಡಕ್ಕೆ ಸಾವು ಎಂದು ಹಳಗನ್ನಡದ ಕಾಲದಿಂದ ಹೇಳುತ್ತಾ ಬಂದವರು ನಾವು. ಆದರೂ ಕಾಳಗ ಶುರುವಾದ ಕೂಡಲೇ ಯಾವ ಕೋಣದ ಕೊಂಬು ದೊಡ್ಡದು ಎಂದು ಅಳೆಯಲು ಓಡುತ್ತೇವೆ.

ನೀವು ಇತಿಹಾಸದ ಮೇಷ್ಟ್ರು. ಹಾಗಾಗಿ ಅಂಕ ಹಾಕುವ ಒಂದು ಪ್ರಸಂಗ ನೆನಪಿಸುತ್ತೇನೆ. 1944ರ ಅಕ್ಟೋಬರ್, ಮಾಸ್ಕೋ. ಬ್ರಿಟನ್ನಿನ ಪ್ರಧಾನಿ ಚರ್ಚಿಲ್, ಯಾವ ದೇಶದಲ್ಲಿ ಯಾರ ಹಿಡಿತ ಎಷ್ಟು ಎಂದು ಅರ್ಧ ಹಾಳೆಯ ಮೇಲೆ ಲೆಕ್ಕ ಬರೆದರು. ರುಮೇನಿಯಾದಲ್ಲಿ ರಷ್ಯಾಕ್ಕೆ 90 ಪರ್ಸೆಂಟ್, ಗ್ರೀಸ್‌ನಲ್ಲಿ ಬ್ರಿಟನ್ನಿಗೆ 90, ಯುಗೊಸ್ಲಾವಿಯಾ ಐವತ್ತು–ಐವತ್ತು. ಹಾಳೆಯನ್ನು ಮೇಜಿನ ಆಚೆಗೆ ತಳ್ಳಿದರು. ಸೋವಿಯತ್ ನಾಯಕ ಸ್ಟಾಲಿನ್ ನೀಲಿ ಪೆನ್ಸಿಲ್ ತೆಗೆದು, ನೀವು ಉತ್ತರಪತ್ರಿಕೆಗೆ ಹಾಕುವ ಹಾಗೆ, ದೊಡ್ಡದೊಂದು ರೈಟ್ ಹಾಕಿದರು. ಇಷ್ಟೊಂದು ಜನರ ಹಣೆಬರಹವನ್ನು ಹೀಗೆ ಬರೆದದ್ದು ಚೆನ್ನಾಗಿ ಕಾಣುವುದಿಲ್ಲ, ಸುಟ್ಟುಬಿಡೋಣವೇ ಎಂದರಂತೆ ಚರ್ಚಿಲ್. ಬೇಡ, ನೀವೇ ಇಟ್ಟುಕೊಳ್ಳಿ ಎಂದರಂತೆ ಸ್ಟಾಲಿನ್. ಇದನ್ನು ಚರ್ಚಿಲ್ಲರೇ ಆಮೇಲೆ ಹೇಳಿಕೊಂಡಿದ್ದಾರೆ. ಅದೇ ಡಿಸೆಂಬರ್‌ನಲ್ಲಿ ಅಥೆನ್ಸಿನ ಬೀದಿಗಳಲ್ಲಿ ಬ್ರಿಟಿಷ್ ಸೈನಿಕರು ಗುಂಡು ಹಾರಿಸುತ್ತಿದ್ದರು. ಯಾರ ಮೇಲೆ? ನಿನ್ನೆ ಮೊನ್ನೆಯವರೆಗೂ ಜರ್ಮನ್ನರ ವಿರುದ್ಧ ಹೋರಾಡಿದ್ದ ಗ್ರೀಕರ ಮೇಲೆ.

ಮರುವರ್ಷ ಕೊರಿಯಾದ ಸರದಿ. 1945ರ ಆಗಸ್ಟಿನ ಒಂದು ರಾತ್ರಿ ವಾಷಿಂಗ್ಟನ್ನಿನಲ್ಲಿ ಇಬ್ಬರು ಸೇನಾಧಿಕಾರಿಗಳಿಗೆ ಒಂದು ಕೆಲಸ ಹೇಳಿದರು. ಕೊರಿಯಾವನ್ನು ನಮಗೂ ರಷ್ಯಾಕ್ಕೂ ಹಂಚಬೇಕು, ಎಲ್ಲಿ ಗೆರೆ ಎಳೆಯೋಣ ನೋಡಿ. ಅರ್ಧ ಗಂಟೆ ಸಮಯ. ಅವರ ಬಳಿ ಇದ್ದದ್ದು ಒಂದು ಪತ್ರಿಕೆಯವರು ಅಚ್ಚು ಹಾಕಿಸಿದ್ದ ಭೂಪಟ. 38ನೇ ಅಕ್ಷಾಂಶ ಸುಮಾರು ಮಧ್ಯದಲ್ಲಿತ್ತು, ಸೋಲ್ ನಗರ ತಮ್ಮ ಕಡೆಗೆ ಬರುತ್ತಿತ್ತು. ಸರಿ, ಅದೇ ಗೆರೆ. ಇಬ್ಬರಲ್ಲಿ ಒಬ್ಬರಾದ ಡೀನ್ ರಸ್ಕ್ ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದರು. ಕೊರಿಯಾದವರನ್ನು ಯಾರೂ ಕೇಳಲಿಲ್ಲ. ಗೆರೆ ಆಮೇಲೆ ಸ್ವಲ್ಪ ವಾಲಿತು, ಅಳಿಯಲಿಲ್ಲ. ಅಲ್ಲಿ 1953ರಲ್ಲಿ ಆಗಿದ್ದು ಕದನವಿರಾಮ ಮಾತ್ರ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ.

ಇನ್ನೊಂದು ಮಾತು ನನಗೆ ಕಿರಿಕಿರಿ: 'ಹಿತ್ತಲು'. ಲ್ಯಾಟಿನ್ ಅಮೆರಿಕ ಅಂದರೆ ಅಮೆರಿಕದ ಹಿತ್ತಲು ಎಂದು ನಮ್ಮ ಪತ್ರಿಕೆಗಳೂ ಲೀಲಾಜಾಲವಾಗಿ ಬರೆಯುತ್ತವೆ. ಅಲ್ಲಿನವರಿಗೆ ಅದು ಅಂಗಳ, ಪಡಸಾಲೆ, ಮನೆ. ಗ್ವಾಟೆಮಾಲಾದಲ್ಲಿ ಚುನಾವಣೆ ಗೆದ್ದಿದ್ದ ಅರ್ಬೆನ್ಸ್, ಪಾಳು ಬಿದ್ದ ಭೂಮಿಯನ್ನು ಬಡವರಿಗೆ ಹಂಚಲು ಹೊರಟರು. ಅದರಲ್ಲಿ ಅಮೆರಿಕದ ಬಾಳೆಹಣ್ಣಿನ ಕಂಪನಿಯ ಜಮೀನೂ ಇತ್ತು. 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವರನ್ನು ಇಳಿಸಿತು. ಆಮೇಲೆ ಆ ದೇಶದಲ್ಲಿ 36 ವರ್ಷ ಅಂತರ್ಯುದ್ಧ, ಸುಮಾರು 2 ಲಕ್ಷ ಸಾವು. ರಷ್ಯಾದ್ದೇನು ಕಡಿಮೆಯಿಲ್ಲ. 1956ರಲ್ಲಿ ಹಂಗೆರಿಯ ಬುಡಾಪೆಸ್ಟ್, 1968ರಲ್ಲಿ ಚೆಕೊಸ್ಲೊವಾಕಿಯಾದ ಪ್ರಾಗ್, ಎರಡಕ್ಕೂ ಟ್ಯಾಂಕ್ ನುಗ್ಗಿಸಿತು. ಟ್ಯಾಂಕಿನ ಬಣ್ಣ ಬೇರೆ, ಅಷ್ಟೇ.

ಹಾಗಂತ ಗಿಡಗಳೆಲ್ಲ ಸುಮ್ನೆ ತುಳಿಸಿಕೊಂಡವು ಅಂದುಕೊಳ್ಳಬೇಡಿ. ನನಗೆ ಬಹಳ ಇಷ್ಟವಾದ ಒಂದು ಕತೆ ಇದೆ, ಅದನ್ನು ಹೇಳದೆ ಬಿಡಲಾರೆ.

ಐಸ್‌ಲ್ಯಾಂಡ್. 1970ರ ದಶಕದಲ್ಲಿ ಅಲ್ಲಿನ ಜನಸಂಖ್ಯೆ ಎರಡು ಲಕ್ಷ ಚಿಲ್ಲರೆ. ಸೈನ್ಯವೇ ಇಲ್ಲ. ಇದ್ದದ್ದು ಮೀನು. ಬ್ರಿಟನ್ನಿನ ದೋಣಿಗಳು ಬಂದು ಆ ಮೀನನ್ನು ಬಾಚಿಕೊಂಡು ಹೋಗುತ್ತಿದ್ದವು. ಐಸ್‌ಲ್ಯಾಂಡ್ ಮೊದಲು 50 ಮೈಲಿ, ಆಮೇಲೆ 200 ಮೈಲಿ ಸಮುದ್ರ ನಮ್ಮದು ಎಂದಿತು. ಬ್ರಿಟನ್ ಯುದ್ಧನೌಕೆ ಕಳಿಸಿತು. ಇವರ ಬಳಿ ಇದ್ದದ್ದು ಕರಾವಳಿ ಕಾವಲಿನ ಕೆಲವೇ ಹಡಗು, ಜೊತೆಗೆ ಒಂದು ಕೊಕ್ಕೆಯಂಥ ಸಾಧನ. ಬ್ರಿಟಿಷ್ ದೋಣಿಯ ಹಿಂದೆ ಅಡ್ಡ ಹಾದು ಬಲೆಯ ಉಕ್ಕಿನ ಹಗ್ಗವನ್ನು ಅದರಿಂದ ಕತ್ತರಿಸಿಬಿಡುವುದು. ಬಲೆ, ಮೀನು ಎರಡೂ ಕಡಲ ಪಾಲು. ಹಡಗುಗಳು ಒಂದಕ್ಕೊಂದು ಗುದ್ದಿಕೊಂಡವು.

ಆದರೆ ನಿಜವಾದ ತುರುಪು ಬೇರೆಯೇ ಇತ್ತು. ಸೋವಿಯತ್ ಜಲಾಂತರ್ಗಾಮಿಗಳು ಅಟ್ಲಾಂಟಿಕ್ಕಿಗೆ ಇಳಿಯುವ ದಾರಿಯ ಮೇಲೆ ಕಣ್ಣಿಡಲು ಅಮೆರಿಕಕ್ಕೆ ಐಸ್‌ಲ್ಯಾಂಡಿನ ಕೆಪ್ಲಾವಿಕ್ ನೆಲೆ ಬೇಕೇ ಬೇಕಿತ್ತು. ಅಮೆರಿಕ, ಬ್ರಿಟನ್ ಇರುವ ಸೇನಾ ಕೂಟ ನ್ಯಾಟೊದಲ್ಲಿ ಐಸ್‌ಲ್ಯಾಂಡೂ ಇತ್ತು. ಹೀಗೇ ಆದರೆ ನಾವು ನ್ಯಾಟೊ ಬಿಡುತ್ತೇವೆ, ನೆಲೆ ಮುಚ್ಚುತ್ತೇವೆ ಎಂಬ ಮಾತು ಅಲ್ಲಿಂದ ಕೇಳಿಬಂತು. ಗಾಬರಿಯಾದದ್ದು ಬ್ರಿಟನ್ನಿನ ಗೆಳೆಯರೇ. 1976ರ ಜೂನ್‌ನಲ್ಲಿ ಬ್ರಿಟನ್ 200 ಮೈಲಿಗೆ ಒಪ್ಪಿಕೊಂಡಿತು. ಒಂದು ಕಾಲದಲ್ಲಿ ಸಮುದ್ರಗಳನ್ನೇ ಆಳಿದ ನೌಕಾಪಡೆ ಕಾಡ್ ಮೀನಿನ ಮುಂದೆ ಸೋತಿತು! ಇದನ್ನು ಓದಿದಾಗಲೆಲ್ಲ ನನಗೆ ಒಬ್ಬನೇ ಕೂತು ನಗು ಬರುತ್ತದೆ.

ಅಷ್ಟು ಹಿಂದೆ ಹೋಗಬೇಕಿಲ್ಲ. ವಿಯೆಟ್ನಾಂ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಬೈಡನ್, ಡಿಸೆಂಬರ್‌ನಲ್ಲಿ ಷಿ ಜಿನ್‌ಪಿಂಗ್, 2024ರ ಜೂನ್‌ನಲ್ಲಿ ಪುಟಿನ್. ಹತ್ತು ತಿಂಗಳೊಳಗೆ ಮೂವರೂ ಹನೋಯಿಗೆ ಬಂದು ಕೈ ಕುಲುಕಿದರು. ಆಫ್ರಿಕಾದ ಪುಟ್ಟ ದೇಶ ಜಿಬೂಟಿ ಅಮೆರಿಕ, ಫ್ರಾನ್ಸ್, ಜಪಾನ್, ಇಟಲಿಗೆ ಸೇನಾ ನೆಲೆ ಕೊಟ್ಟಿತ್ತು. 2017ರಲ್ಲಿ ಚೀನಾವನ್ನೂ ಸೇರಿಸಿಕೊಂಡಿತು. ಒಂದೇ ವಠಾರದಲ್ಲಿ ಜಗಳಗಂಟ ಬಾಡಿಗೆದಾರರು. ಇದು ಜಾಣತನವೋ ಬೆಂಕಿಯ ಜೊತೆ ಸರಸವೋ, ಗೊತ್ತಾಗಲು ಸಮಯ ಬೇಕು. ಆದರೆ ಗೆಲ್ಲುವುದು ಯಾರು ಎಂಬ ನಿಮ್ಮ ಪ್ರಶ್ನೆಯಲ್ಲಿ ಇವರಿಗೆಲ್ಲ ಜಾಗವೇ ಇಲ್ಲ ನೋಡಿ.

ಜಾಗ ಇಲ್ಲದಿರುವುದಕ್ಕೆ ನಿಮ್ಮೊಬ್ಬರನ್ನೇ ದೂರಲಾರೆ. ಸಂಜೆಯಾದರೆ ಟಿವಿಯಲ್ಲಿ ವಿಮಾನ ಇಷ್ಟು, ಹಡಗು ಇಷ್ಟು ಎಂದು ಸ್ಕೋರ್ ತೋರಿಸುತ್ತಾರೆ. ಹಿಂದೆ ಒಂದು ಭೂಪಟ, ಅದರ ಮೇಲೆ ಓಡುವ ಬಾಣಗಳು. ಆ ಭೂಪಟವಾದರೂ ಸರಿಯಿದೆಯೇ? ಶಾಲೆಯ ಗೋಡೆಯ ಮೇಲಿನ ಹಳೆಯ ಪಟದಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚೂ ಕಡಿಮೆ ಆಫ್ರಿಕಾದಷ್ಟು ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಅಷ್ಟು ದೊಡ್ಡ ಖಂಡಕ್ಕೆ ಭದ್ರತಾ ಮಂಡಳಿಯಲ್ಲಿ ಒಂದೂ ಕಾಯಂ ಕುರ್ಚಿ ಇಲ್ಲ.

ಗ್ರೀನ್‌ಲ್ಯಾಂಡ್ ಅಂದೆನಲ್ಲ. ಟ್ರಂಪ್ ಅದನ್ನು ಕೇಳಿದಾಗ ಎಲ್ಲರೂ ಹೊಸತೆಂಬಂತೆ ಬೆಚ್ಚಿದರು. 1946ರಲ್ಲೇ ಟ್ರೂಮನ್ ಸರಕಾರ 10 ಕೋಟಿ ಡಾಲರ್ ಬೆಲೆಯ ಚಿನ್ನ ಕೊಡುತ್ತೇವೆ ಎಂದು ಡೆನ್ಮಾರ್ಕಿಗೆ ಹೇಳಿತ್ತು. ಡೆನ್ಮಾರ್ಕ್ ಮಾರಲಿಲ್ಲ. ಆದರೆ 1953ರಲ್ಲಿ ಅಲ್ಲಿದ್ದ ಅಮೆರಿಕದ ಥೂಲೆ ವಾಯುನೆಲೆಗಾಗಿ ಮೂಲನಿವಾಸಿ ಇನುಘುಯಿಟ್ ಬೇಟೆಗಾರರ ಕುಟುಂಬಗಳನ್ನು ಕೆಲವೇ ದಿನಗಳಲ್ಲಿ ಮನೆ ಬಿಡಿಸಿ ಉತ್ತರಕ್ಕೆ ಕಳಿಸಿತು. ಇವತ್ತಿನ ಚರ್ಚೆಯಲ್ಲಿ ಖನಿಜ ಬರುತ್ತದೆ, ಹಡಗಿನ ದಾರಿ ಬರುತ್ತದೆ, ಚೀನಾ ಬರುತ್ತದೆ. ಅಲ್ಲಿರುವ 57 ಸಾವಿರ ಜನ ಬರುವುದು ಕಾರ್ಯಕ್ರಮದ ಕೊನೆಗೆ, ಸಮಯ ಉಳಿದರೆ.

ಇಷ್ಟು ಹೇಳಿಯೂ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ, ಗೊತ್ತು. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನೀವು ಸೊನ್ನೆ ಸುತ್ತುತ್ತಿದ್ದಿರಿ. ಒಂದು ರಾಜಿಗೆ ಬರೋಣ. ಮುಂದಿನ ಸಂಚಿಕೆಯಲ್ಲಿ ಅಮೆರಿಕ–ಚೀನಾ ಪೈಪೋಟಿಗೆ ಮೂರು ಪುಟ ಬಿಟ್ಟಿರುತ್ತೇನೆ. ನೀವೇ ಬರೆಯಿರಿ. ಯಾರು ಗೆಲ್ಲುತ್ತಾರೆ ಅನಿಸುತ್ತದೋ ಅವರನ್ನೇ ಗೆಲ್ಲಿಸಿ, ನಾನು ಒಂದಕ್ಷರ ತಿದ್ದುವುದಿಲ್ಲ. ಷರತ್ತು ಒಂದೇ. ಆ ಪೈಪೋಟಿ ಯಾರ ನೆಲದ ಮೇಲೆ, ಯಾರ ಕಡಲಿನಲ್ಲಿ ನಡೆಯುತ್ತಿದೆಯೋ ಆ ಊರಿನ ಹೆಸರು ಮೊದಲ ಪ್ಯಾರಾದಲ್ಲೇ ಬರಬೇಕು. 20ನೇ ತಾರೀಕಿನೊಳಗೆ ತಲುಪಿಸಿ.