ಯಾರು ನೇಯ್ದರು, ಹೇಗೆ ನೇಯ್ದರು: ಬೌಹೌಸ್ ಕುರಿತು ಬರೆದ ಲೇಖಕಿಗೆ

ಪ್ರಿಯ ಲೇಖಕಿಯವರಿಗೆ ನಮಸ್ಕಾರ.

ಜರ್ಮನಿಯ ಕಲೆ ಮತ್ತು ವಿನ್ಯಾಸದ ಶಾಲೆಯಾದ ಬೌಹೌಸ್‌ನ ನೇಕಾರ ಮಹಿಳೆಯರನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು, ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಎರಡು ದೋಷಗಳು ನನ್ನನ್ನು ತುಂಬ ಕಾಡಿದವು. ಈ ಪತ್ರದಲ್ಲಿ ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು, ಮಾಡಿದವರು ಯಾರೆಂದು ಹೇಳದ ವಾಕ್ಯಗಳು. ನಿಮ್ಮ ಎರಡನೆಯ ಪ್ಯಾರಾ ಹೀಗೆ ಆರಂಭವಾಗುತ್ತದೆ: "1919ರಲ್ಲಿ ವೈಮಾರ್ ನಗರದಲ್ಲಿ ಸ್ಥಾಪನೆಯಾದ ಬೌಹೌಸ್‌ನಲ್ಲಿ ಮಹಿಳೆಯರನ್ನು ನೇಯ್ಗೆಯ ಕಾರ್ಯಾಗಾರಕ್ಕೆ ಕಳುಹಿಸಲಾಯಿತು." ಕಳುಹಿಸಿದವರು ಯಾರು? ವಯಸ್ಸನ್ನಾಗಲಿ ಲಿಂಗವನ್ನಾಗಲಿ ನೋಡದೆ ಪ್ರವೇಶ ಕೊಡುತ್ತೇವೆಂದು ಸಾರಿದ ಶಾಲೆ ಅದು. ಬಂದು ಸೇರಿದ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಾಯಿತೆಂದು ಕಂಡಾಗ, ಪ್ರವೇಶದ ಹಂತದಲ್ಲೇ ಅವರನ್ನು ಬಿಗಿಯಾಗಿ ಸೋಸಬೇಕೆಂದು 1920ರಲ್ಲಿ ಅಧ್ಯಾಪಕ ಮಂಡಳಿಗೆ ಸೂಚಿಸಿದವರು ಸ್ಥಾಪಕರಾದ ವಾಲ್ಟರ್ ಗ್ರೋಪಿಯಸ್ ಅವರೇ. ಆ ನಿರ್ಧಾರಕ್ಕೆ ಒಬ್ಬ ಮನುಷ್ಯನ ಹೆಸರಿದೆ, ಒಂದು ಮಂಡಳಿಯ ಒಪ್ಪಿಗೆಯಿದೆ. ನಿಮ್ಮ ವಾಕ್ಯ ಎರಡನ್ನೂ ಅಳಿಸಿ, ಅದು ಮಳೆ ಬಿದ್ದಷ್ಟು ಸಹಜವಾಗಿ ನಡೆದುಹೋಯಿತೆಂಬ ಭಾವನೆ ಹುಟ್ಟಿಸುತ್ತದೆ.

ಮುಂದಿನ ವಾಕ್ಯ: "ಕ್ರಮೇಣ ಅಲ್ಲಿ ಬಣ್ಣಗಾರಿಕೆಯ ಸೌಲಭ್ಯವನ್ನೂ ಒದಗಿಸಲಾಯಿತು." ಇದು ನನಗೆ ಹೆಚ್ಚು ನೋವು ತಂದ ಸಾಲು, ಏಕೆಂದರೆ ಇಲ್ಲಿ ಮರೆಯಾದವರು ನೀವು ಯಾರಿಗಾಗಿ ಲೇಖನ ಬರೆದಿರೋ ಅವರೇ. ಕಾರ್ಯಾಗಾರದ ಕಲಾ ಮುಖ್ಯಸ್ಥರಾಗಿದ್ದ ಗೇಯಾರ್ಗ್ ಮುಖೆ ವರ್ಣಚಿತ್ರಕಾರರು. ನೂಲಿನ ಕೆಲಸದಲ್ಲಿ ಅವರಿಗೆ ಆಸಕ್ತಿ ಕಡಿಮೆ. ಹಾಗಾಗಿ ವಿದ್ಯಾರ್ಥಿನಿಯರು ಬಹಳಷ್ಟನ್ನು ತಾವೇ ಮಾಡಿ ನೋಡಿ ಕಲಿಯಬೇಕಾಯಿತು. ಗುಂಟಾ ಸ್ಟೋಲ್ಜಲ್ ಮತ್ತು ಬೆನಿಟಾ ಓಟೆ ಜವಳಿ ನಗರವಾದ ಕ್ರೆಫೆಲ್ಡ್‌ಗೆ ಹೋಗಿ ಬಣ್ಣಗಾರಿಕೆ ಕಲಿತು ಬಂದರು, ಮುಚ್ಚಿಹೋಗಿದ್ದ ಬಣ್ಣದ ಕೋಣೆ ಆಮೇಲೆ ತೆರೆಯಿತು. ಸೌಲಭ್ಯವನ್ನು ಯಾರೂ ಒದಗಿಸಲಿಲ್ಲ, ಇಬ್ಬರು ಯುವತಿಯರು ಗಳಿಸಿಕೊಂಡು ಬಂದರು.

ಮೂರನೆಯ ಉದಾಹರಣೆ: "1931ರಲ್ಲಿ ಸ್ಟೋಲ್ಜಲ್ ಅವರು ಹೊರಹೋಗುವಂತೆ ಮಾಡಲಾಯಿತು." ಶಾಲೆ ಡೆಸ್ಸೌಗೆ ಸ್ಥಳಾಂತರವಾದ ಬಳಿಕ, 1927ರಲ್ಲಿ ನೇಯ್ಗೆ ವಿಭಾಗದ ಹೊಣೆ ಹೊತ್ತವರು ಅವರು. 1929ರಲ್ಲಿ ಯಹೂದಿ ವಾಸ್ತುಶಿಲ್ಪಿ ಆರ್ಯೇ ಶರೋನ್ ಅವರನ್ನು ಮದುವೆಯಾಗಿ ಜರ್ಮನ್ ಪೌರತ್ವವನ್ನೇ ಕಳೆದುಕೊಂಡರು. ಊರಿನಲ್ಲಿ ಬಲಪಂಥೀಯರ ಬಲ ಏರುತ್ತಿತ್ತು, ಕಾರ್ಯಾಗಾರದೊಳಗೇ ಕೆಲವು ವಿದ್ಯಾರ್ಥಿಗಳು ಅವರ ವಿರುದ್ಧ ತಿರುಗಿಬಿದ್ದರು. ಅವರು ರಾಜೀನಾಮೆ ಕೊಟ್ಟು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋಗಿ ಅಲ್ಲಿ ಮತ್ತೆ ಮಗ್ಗ ಹೂಡಿದರು. ಇಷ್ಟೆಲ್ಲ ಜನ, ಇಷ್ಟೊಂದು ಹಗೆ, ಇಂಥ ಛಲ ಇರುವ ಕಡೆ ಕರ್ತೃವಿಲ್ಲದ ವಾಕ್ಯ ಬರೆಯುವುದು ಅನ್ಯಾಯ.

ನಾನು ಹುಬ್ಬಳ್ಳಿಯ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಾಗ ಅಲ್ಲಿನ ಹಿರಿಯ ಸಂಪಾದಕರು ಇಂಥ ಕ್ರಿಯಾಪದ ಕಂಡಲ್ಲೆಲ್ಲ ಅಂಚಿನಲ್ಲಿ ಕೆಂಪು ಶಾಯಿಯಿಂದ "ಯಾರು?" ಎಂದು ಬರೆದು ಹಾಳೆಯನ್ನು ಹಿಂದಿರುಗಿಸುತ್ತಿದ್ದರು. ಇಳಕಲ್ ಸೀರೆಯ ಬಗ್ಗೆ ಬರೆಯಲು ಅವರು ನನ್ನನ್ನು ಕಳುಹಿಸುವಾಗ, ಸೀರೆಯ ಚೆಲುವನ್ನು ಬಣ್ಣಿಸುವ ಮೊದಲು ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ಒಡಲಿನ ಹಾಸಿನೊಡನೆ ಹೇಗೆ ಕೂಡುತ್ತದೆಂದು ತಿಳಿದುಕೊಂಡು ಬಾ ಎಂದಿದ್ದರು. ಎಳೆಯ ಕುಣಿಕೆಯೊಳಗೆ ಎಳೆಯ ಕುಣಿಕೆಯನ್ನು ಕೊಂಡಿ ಹಾಕಿ ಎರಡು ಹಾಸುಗಳನ್ನು ಬೆಸೆಯುವ ಆ ಕೆಲಸವನ್ನು ನೋಡಿದ ಮೇಲೆ ನನಗೆ ಸೀರೆಯೇ ಬೇರೆಯಾಗಿ ಕಂಡಿತು. ಮಗ್ಗದ ಮುಂದೆ ಗಂಡಸು ಕುಳಿತಿದ್ದ. ಅವನ ಲಾಳಿಗೆ ಬೇಕಾದ ಕಂಡಿಕೆಯನ್ನೆಲ್ಲ ಸುತ್ತಿಕೊಟ್ಟವರು ಮನೆಯ ಹೆಂಗಸರು. ನಾನು ಯಾರನ್ನು ಕೇಳಿದರೂ "ನೇಕಾರ" ಎಂದು ತೋರಿಸಿದ್ದು ಅವನೊಬ್ಬನನ್ನೇ. ಹಿರಿಯರ ಕೆಂಪು ಶಾಯಿಯ ಪ್ರಶ್ನೆ ವ್ಯಾಕರಣದ್ದಷ್ಟೇ ಅಲ್ಲವೆಂದು ನನಗೆ ಅಲ್ಲಿ ಅರ್ಥವಾಯಿತು.

ಎರಡನೆಯ ದೋಷಕ್ಕೂ ಆ ಇಳಕಲ್ ಪಾಠಕ್ಕೂ ಸಂಬಂಧವಿದೆ. ಬೌಹೌಸ್‌ನಲ್ಲಿ ನೇಯ್ಗೆ ಕಲಿತ ಆನ್ನಿ ಆಲ್ಬರ್ಸ್ ಅವರ ಕೃತಿಗಳನ್ನು ನೀವು "ದಾರದಲ್ಲಿ ಬಿಡಿಸಿದ ವರ್ಣಚಿತ್ರಗಳು" ಎಂದು ಕರೆದಿದ್ದೀರಿ. ಮೆಚ್ಚುಗೆಯಿಂದ ಬರೆದಿದ್ದೀರೆಂದು ಬಲ್ಲೆ. ಆದರೆ ಬಟ್ಟೆಯನ್ನು ಹೊಗಳಲು ಅದನ್ನು ಚಿತ್ರವೆನ್ನಲೇಬೇಕೆ? ಚಿತ್ರಕಾರನ ಕುಂಚ ಎತ್ತ ಬೇಕಾದರೂ ಹೊರಳೀತು; ಮಗ್ಗದಲ್ಲಿ ಹಾಸು ನೆಟ್ಟಗೆ ನಿಂತಿರುತ್ತದೆ, ಹೊಕ್ಕು ಅಡ್ಡಲಾಗಿ ಹಾಯುತ್ತದೆ. ಸಾದಾ ನೇಯ್ಗೆಯಲ್ಲಿ ಕಪ್ಪು ಹಾಸಿನ ಮೇಲೆ ಬಿಳಿ ಹೊಕ್ಕು ಹಾಯಿಸಿದರೆ ಕಣ್ಣಿಗೆ ಕಾಣುವುದು ಬೂದು. ಅಚ್ಚ ಕಪ್ಪು, ಅಚ್ಚ ಬಿಳಿ ಬೇಕೆಂದರೆ ಪದರದ ಮೇಲೆ ಪದರ ನೇಯ್ದು, ಬೇಕಾದ ಬಣ್ಣದ ಪದರವನ್ನು ಮೇಲಕ್ಕೆ ತಂದು ಉಳಿದುದನ್ನು ಹಿಂದಕ್ಕೆ ಸರಿಸಬೇಕು. ಆಲ್ಬರ್ಸ್ 1920ರ ದಶಕದಲ್ಲಿ ನೇಯ್ದ ಗೋಡೆಯ ತೂಗುಬಟ್ಟೆಗಳಲ್ಲಿ ಕೆಲವು ಇಂಥ ಬಹುಪದರದ ನೇಯ್ಗೆಗಳು. ಅಲ್ಲಿಯ ಚೌಕಗಳೂ ಪಟ್ಟೆಗಳೂ ಮಗ್ಗದೊಡನೆ ನಡೆಸಿದ ವಿಚಾರದಿಂದ ಹುಟ್ಟಿದವು. ಅವರು 1965ರಲ್ಲಿ ನೇಯ್ಗೆಯನ್ನು ಕುರಿತ ತಮ್ಮ ಪುಸ್ತಕವನ್ನು ಪ್ರಾಚೀನ ಪೆರುವಿನ ನೇಕಾರರಿಗೆ, ತಮ್ಮ ಮಹಾಗುರುಗಳೆಂದು ಕರೆದು ಅರ್ಪಿಸಿದರು. ಹೆಸರಾಂತ ವರ್ಣಚಿತ್ರಕಾರ ಪಾಲ್ ಕ್ಲೀ ಅವರ ತರಗತಿಯಲ್ಲಿ ಕುಳಿತು ಕಲಿತವರು ಆಡಿದ ಮಾತಿದು ಎಂಬುದನ್ನು ಗಮನಿಸಿ.

ಜರ್ಮನಿಯ ಬೆರ್ನೌ ಊರಿನ ಕಾರ್ಮಿಕ ಸಂಘದ ಶಾಲೆಯ ಸಭಾಂಗಣಕ್ಕೆ ಆಲ್ಬರ್ಸ್ ನೇಯ್ದ ಗೋಡೆಬಟ್ಟೆಯನ್ನು "ಕನಸಿನಂತೆ ಹೊಳೆಯುವ ಅದ್ಭುತ" ಎಂದು ಬರೆದು ಮುಂದೆ ಹೋಗಿದ್ದೀರಿ. ದಯವಿಟ್ಟು ಅಲ್ಲಿ ನಿಲ್ಲಿ. ಆ ಸಭಾಂಗಣದಲ್ಲಿ ಮಾತು ಪ್ರತಿಧ್ವನಿಸುತ್ತಿತ್ತು. ಅವರು ಬಟ್ಟೆಯ ಒಂದು ಮೈಗೆ ಬೆಳಕನ್ನು ಹಿಂದಿರುಗಿಸುವ ಸೆಲೋಫೇನನ್ನೂ ಇನ್ನೊಂದು ಮೈಗೆ ಸದ್ದನ್ನು ಹೀರುವ ಮೆತ್ತನೆಯ ಶನೀಲ್ ನೂಲನ್ನೂ ಬಳಸಿದರು. ಅವರಿಗೆ 1930ರಲ್ಲಿ ಡಿಪ್ಲೊಮಾ ದೊರೆತದ್ದು ಈ ಬಟ್ಟೆಗಾಗಿ. ಅದು ಹೊಳೆಯುವುದಕ್ಕೆ ಕಾರಣವಿದೆ, ಮತ್ತು ಆ ಕಾರಣ ನಿಮ್ಮ ವಿಶೇಷಣಕ್ಕಿಂತ ಸುಂದರವಾಗಿದೆ.

ಕೊನೆಯದಾಗಿ ಬೌಹೌಸ್‌ನ ಇನ್ನೊಬ್ಬ ನೇಕಾರ ಮಹಿಳೆ ಓಟಿ ಬರ್ಗರ್. ಅವರಿಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ, ಅದೂ ಸಾವಿನ ವಾಕ್ಯ: "1944ರಲ್ಲಿ ಆಶ್ವಿಟ್ಜ್‌ನಲ್ಲಿ ಕೊಲ್ಲಲಾಯಿತು." ಕೊಂದವರು ನಾಜಿಗಳು, ಹಾಗೆಂದೇ ಬರೆಯಿರಿ. ಅದಕ್ಕೂ ಮೊದಲು ಅವರ ಬದುಕನ್ನು ಬರೆಯಿರಿ. ಇಂದು ಕ್ರೊಯೇಷಿಯಾದಲ್ಲಿರುವ ಹಳ್ಳಿಯೊಂದರಲ್ಲಿ 1898ರಲ್ಲಿ ಹುಟ್ಟಿದವರು, ಕಿವಿ ಮಂದವಾಗಿದ್ದವರು, ಬಟ್ಟೆಯನ್ನು ಕಣ್ಣಿನಿಂದಷ್ಟೇ ಅಲ್ಲ ಕೈಯಿಂದಲೂ ಅರಿಯಬೇಕೆಂದು ಬರೆದವರು, ಪೀಠೋಪಕರಣಕ್ಕೆ ಹೊದಿಸುವ ಬಟ್ಟೆಗೆ ಪೇಟೆಂಟ್ ಪಡೆದವರು ಅವರು. ತಾವು ವಿನ್ಯಾಸ ಮಾಡಿದ ಬಟ್ಟೆ ಮಾರುಕಟ್ಟೆಗೆ ಹೋಗುವಾಗ ತಮ್ಮ ಹೆಸರೂ ಜೊತೆಗೆ ಹೋಗಬೇಕೆಂದು ಕಂಪನಿಗಳೊಡನೆ ಹಟ ಹಿಡಿದರು. ಯಹೂದಿಯೆಂಬ ಕಾರಣಕ್ಕೆ ಜರ್ಮನಿಯಲ್ಲಿ ಅವರಿಗೆ ಕೆಲಸ ನಿಂತಿತು. ಲಂಡನ್‌ನಲ್ಲಿ ನೆಲೆ ಸಿಗಲಿಲ್ಲ. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಮರಳಿದವರಿಗೆ ಮತ್ತೆ ಹೊರಬರಲಾಗಲಿಲ್ಲ. ತನ್ನ ಹೆಸರಿಗಾಗಿ ಅಷ್ಟು ಹೋರಾಡಿದ ಹೆಣ್ಣುಮಗಳನ್ನು ಒಂದು ಕರ್ಮಣಿ ವಾಕ್ಯದಲ್ಲಿ ಮುಗಿಸಬೇಡಿ.

ಲೇಖನದ ಪೀಠಿಕೆಯನ್ನು ತೆಗೆದುಹಾಕಿ, ಬರ್ಗರ್ ಅವರಿಂದಲೇ ಆರಂಭಿಸಿ. ಬರೆಯುವ ಮೊದಲು ಹತ್ತಿರದ ಕೈಮಗ್ಗದ ಮನೆಯೊಂದಕ್ಕೆ ಹೋಗಿ, ಹಾಸು ಹೂಡುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಬನ್ನಿ. ಪದಗಳ ಮಿತಿ ಹಾಕುವುದಿಲ್ಲ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ