‘ಯೇಸುವಿಗೆ ಮದುವೆ ಆಗಿತ್ತಾ?’ ಎಂದು ಮಗ ಕೇಳಿದಾಗ

ಪ್ರಶ್ನೆ: ನಾವು ಮೈಸೂರಿನ ಕ್ಯಾಥೊಲಿಕ್ ಕುಟುಂಬ. ಹದಿನಾರು ವರ್ಷದ ಮಗ ಮೊಬೈಲಿನಲ್ಲಿ ‘ದ ಡಾ ವಿಂಚಿ ಕೋಡ್’ ಸಿನಿಮಾ ನೋಡಿದ್ದಾನೆ. ಯೇಸುಸ್ವಾಮಿಗೂ ಮಗ್ದಲದ ಮರಿಯಳಿಗೂ ಮದುವೆ ಆಗಿತ್ತಂತೆ, ಚರ್ಚ್ ಅದನ್ನು ಮುಚ್ಚಿಟ್ಟಿತಂತೆ, ನಿಜಾನಾ ಅಂತ ಕೇಳುತ್ತಿದ್ದಾನೆ. ಯಜಮಾನರು ಸಿಟ್ಟಿನಲ್ಲಿ ಅವನ ಫೋನ್ ಕಿತ್ತಿಟ್ಟುಕೊಂಡಿದ್ದಾರೆ. ಎಂಟು ವರ್ಷದ ಮಗಳದು ಬೇರೆ ಕಥೆ. ರಜೆಯಲ್ಲಿ ದೊಡ್ಡಮ್ಮನ ಮಕ್ಕಳ ಜೊತೆ ಕನ್ಯಾಸ್ತ್ರೀ ವೇಷದ ದೆವ್ವ ಬರುವ ಸಿನಿಮಾ ನೋಡಿದ್ದಾಳೆ. ಈಗ ಒಬ್ಬಳೇ ಮಲಗುವುದಿಲ್ಲ, ಸ್ಕೂಲಿನ ಸಿಸ್ಟರ್‌ಗಳನ್ನು ಕಂಡರೂ ಹೆದರುತ್ತಾಳೆ. ಇಂಥ ಸಿನಿಮಾಗಳನ್ನೆಲ್ಲ ಮನೆಯಲ್ಲಿ ಬಂದ್ ಮಾಡುವುದೇ ಸರಿ ಅಲ್ವಾ? ಮಗ ಪಾಪನಿವೇದನೆ ಮಾಡಬೇಕಾ?

ಉತ್ತರ: ಮೊದಲು ಫೋನ್ ವಾಪಸ್ ಕೊಡಿಸಿ, ಅಮ್ಮಾ. ಸಿನಿಮಾ ನೋಡಿ ಮಗ ಸುಮ್ಮನೆ ಇದ್ದುಬಿಟ್ಟಿದ್ದರೆ ನಾನು ಜಾಸ್ತಿ ಚಿಂತೆ ಮಾಡುತ್ತಿದ್ದೆ. ಅವನು ಬಂದು ನಿಮ್ಮನ್ನು ಕೇಳಿದ್ದಾನೆ. ಕೇಳಿದ್ದಕ್ಕೆ ಫೋನ್ ಹೋಯಿತು ಅಂತಾದರೆ ಮುಂದಿನ ಸಲ ಯೂಟ್ಯೂಬನ್ನು ಕೇಳುತ್ತಾನೆ. ಅಲ್ಲಿ ಉತ್ತರ ಹೇಳುವವರಿಗೇನೂ ಬರ ಇಲ್ಲ.

ನಿಮ್ಮ ಮನೆಯಲ್ಲಿ ಆಗಿರುವುದು ಎರಡು ಬೇರೆ ಬೇರೆ ವಿಷಯ. ಮಗ ನೋಡಿದ್ದು ವಿಶ್ವಾಸವನ್ನು ಕೆಣಕುವ ಸಿನಿಮಾ, ಅದಕ್ಕೆ ಉತ್ತರ ಬೇಕು. ಮಗಳು ನೋಡಿದ್ದು ಅವಳ ವಯಸ್ಸಿಗೆ ಸಲ್ಲದ ಸಿನಿಮಾ, ಅದಕ್ಕೆ ಬೀಗ ಬೇಕು. ನಾವು ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತೇವೆ. ಪ್ರಶ್ನೆ ಕೇಳುವ ಹುಡುಗನಿಗೆ ಬೀಗ ಹಾಕುತ್ತೇವೆ. ದೆವ್ವದ ಸಿನಿಮಾದಲ್ಲಿ ಕೊನೆಗೆ ಶಿಲುಬೆಯೇ ಗೆಲ್ಲುತ್ತದಲ್ಲ ಅಂತ ಚಿಕ್ಕ ಮಗುವನ್ನು ಅದರ ಮುಂದೆ ಕೂರಿಸುತ್ತೇವೆ.

ಈಗ ಮಗನ ಪ್ರಶ್ನೆ. 2003ರ ಕಾದಂಬರಿಯನ್ನು ಆಧರಿಸಿ 2006ರಲ್ಲಿ ಬಂದ ಸಿನಿಮಾ ಅದು. ಅದರಲ್ಲಿ ವಯಸ್ಸಾದ ಇತಿಹಾಸಕಾರನೊಬ್ಬ ತನ್ನ ಬಂಗಲೆಯಲ್ಲಿ ಇದನ್ನೆಲ್ಲ ವಿವರಿಸುವ ದೃಶ್ಯವಿದೆ. ನಿಮ್ಮ ಮಗನ ತಲೆಯಲ್ಲಿ ಕೂತಿರುವುದು ಆ ಕೆಲವು ನಿಮಿಷಗಳೇ. (ಕಥೆಯ ಕೊನೆಗೆ ಖಳನಾಯಕ ಆಗುವವನೂ ಅದೇ ಮನುಷ್ಯ. ಇದನ್ನು ಮಗನಿಗೆ ನೆನಪು ಮಾಡಿ, ನಗುತ್ತಾನೆ.) ಆ ಇತಿಹಾಸಕಾರ ಹೇಳುವುದನ್ನು ಒಂದೊಂದಾಗಿ ನೋಡೋಣ.

ಕ್ರಿ.ಶ. 325ರ ನಿಸೇಯ ಸಭೆಯಲ್ಲಿ ಮತ ಹಾಕಿ ಯೇಸುವನ್ನು ದೇವರು ಮಾಡಿದರು ಎನ್ನುತ್ತಾನೆ. ಆ ಸಭೆ ನಡೆದದ್ದು ನಿಜ, ಈಗಿನ ಟರ್ಕಿಯಲ್ಲಿ. ಕರೆದವನು ಚಕ್ರವರ್ತಿ ಕಾನ್‌ಸ್ಟಂಟೈನ್. ಆದರೆ ಅಲ್ಲಿನ ಜಗಳ ಬೇರೆ. ದೇವಪುತ್ರನೂ ಸೃಷ್ಟಿಯಾದವನೇ ಎಂದು ಏರಿಯಸ್ ಎಂಬ ಪಾದ್ರಿ ಬೋಧಿಸುತ್ತಿದ್ದ. ಅದು ಸರಿಯೇ ಎಂಬುದು ಚರ್ಚೆ. ಸಭೆ ಅದನ್ನು ತಳ್ಳಿಹಾಕಿತು. ಆ ತೀರ್ಮಾನಕ್ಕೆ ಕೊನೆಗೆ ಸಹಿ ಹಾಕಲು ಒಪ್ಪದೆ ಉಳಿದವರು ಇಬ್ಬರೇ ಬಿಷಪರು. ಭಾನುವಾರದ ಪೂಜೆಯಲ್ಲಿ ನಾವು ಹೇಳುವ ವಿಶ್ವಾಸ ಪ್ರಮಾಣದ ಬೇರು ಅಲ್ಲಿದೆ. ಯೇಸುವನ್ನು ಆರಾಧಿಸುವುದು ಅದಕ್ಕೂ ಎಷ್ಟೋ ಹಳೆಯದು. ಸಂತ ಪೌಲರ ಪತ್ರಗಳು ಮೊದಲ ಶತಮಾನದ ಐವತ್ತರ ದಶಕದವು, ಅವುಗಳಲ್ಲೇ ಆ ಆರಾಧನೆ ಕಾಣುತ್ತದೆ. ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಬೆಳಗಾಗುವ ಮುಂಚೆ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ ಎಂದಿದ್ದಾನೆ. ಇವನು ನಮ್ಮವನಲ್ಲ, ನಮ್ಮವರನ್ನು ವಿಚಾರಣೆ ಮಾಡಿ ಶಿಕ್ಷಿಸುತ್ತಿದ್ದವನು. ಹಾಗಾಗಿ ಅವನ ಮಾತಿಗೆ ತೂಕ ಜಾಸ್ತಿ.

ಮದುವೆಯ ಮಾತಿಗೆ ಸಿನಿಮಾ ಬೈಬಲ್ಲಿಗೆ ಸೇರದ ‘ಫಿಲಿಪ್ಪನ ಶುಭಸಂದೇಶ’ವನ್ನು ತೋರಿಸುತ್ತದೆ. ಅದರ ಹಸ್ತಪ್ರತಿ ಸಿಕ್ಕಿದ್ದು 1945ರಲ್ಲಿ, ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ. ಯೇಸುವಿನ ಕಾಲಕ್ಕಿಂತ ಬಹಳ ಈಚಿನ ಬರಹ. ಮರಿಯಳನ್ನು ಸಂಗಾತಿ ಎಂದು ಕರೆದಿದೆ, ಇಬ್ಬರಿಗೂ ಮದುವೆಯಾಗಿತ್ತು ಎಂದಿಲ್ಲ. ಅವಳಿಗೆ ಮುತ್ತಿಡುತ್ತಿದ್ದ ಎಂಬ ಸಾಲಿದೆ, ಆದರೆ ಎಲ್ಲಿ ಎಂಬ ಪದದ ಜಾಗದಲ್ಲಿ ಹಸ್ತಪ್ರತಿ ತೂತಾಗಿದೆ. ಇನ್ನು ಈ ಗುಟ್ಟನ್ನು ಕಾಪಾಡಿಕೊಂಡು ಬಂತು ಎಂದು ಸಿನಿಮಾ ಹೇಳುವ ರಹಸ್ಯ ಸಂಘ ‘ಪ್ರಯರಿ ಆಫ್ ಸಯನ್’? ಅದು 1956ರಲ್ಲಿ ಫ್ರಾನ್ಸಿನಲ್ಲಿ ನೋಂದಾಯಿಸಿದ ಸಂಘ. ಅದರ ಪುರಾತನ ದಾಖಲೆಗಳೆಂದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿಸಿದ್ದು ಖೋಟಾ ಕಾಗದಗಳು.

ಒಂದು ಕಡೆ ಮಾತ್ರ ಸಿನಿಮಾಕ್ಕೆ ಅರ್ಧ ಅಂಕ ಕೊಡಲೇಬೇಕು. ಮರಿಯಳಿಗೆ ಅನ್ಯಾಯ ಆಗಿದೆ ಎನ್ನುತ್ತದಲ್ಲ, ಆಗಿದೆ. 591ರಲ್ಲಿ ಪೋಪ್ ಗ್ರೆಗೊರಿ ಒಂದು ಪ್ರಬೋಧನೆಯಲ್ಲಿ ಅವಳನ್ನೂ ಲೂಕರ ಶುಭಸಂದೇಶದ ‘ಪಾಪಿ ಹೆಂಗಸ’ನ್ನೂ ಒಂದೇ ಮಾಡಿದರು. ಬೈಬಲ್ಲಿನಲ್ಲಿ ಹಾಗಿಲ್ಲ. ಆದರೂ ಪಶ್ಚಿಮದ ಕ್ರೈಸ್ತರು ನೂರಾರು ವರ್ಷ ಅವಳನ್ನು ವೇಶ್ಯೆ ಎಂದೇ ತಿಳಿದರು. 1969ರಲ್ಲಿ ಪೂಜಾ ಪಂಚಾಂಗ ಪರಿಷ್ಕರಿಸಿದಾಗ ಅದನ್ನು ತಿದ್ದಲಾಯಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಅವಳ ಸ್ಮರಣೆಯನ್ನು ಪ್ರೇಷಿತರ (ಯೇಸು ಆರಿಸಿದ ಮುಖ್ಯ ಶಿಷ್ಯರ) ಹಬ್ಬಗಳ ದರ್ಜೆಗೆ ಏರಿಸಿದರು. ಪುನರುತ್ಥಾನದ ಯೇಸುವನ್ನು ಮೊದಲು ಕಂಡು ಶಿಷ್ಯರಿಗೆ ಹೇಳಿದವಳು ಅವಳೇ, ಯೊವಾನ್ನರ 20ನೇ ಅಧ್ಯಾಯ ಓದಿಸಿ. ಇದನ್ನೂ ಮಗನಿಗೆ ಮುಚ್ಚುಮರೆಯಿಲ್ಲದೆ ಹೇಳಿ. ನಮ್ಮ ತಪ್ಪನ್ನು ನಾವೇ ಹೇಳಿದರೆ ‘ಚರ್ಚ್ ಮುಚ್ಚಿಟ್ಟಿದೆ’ ಎಂಬ ಮಾತಿಗೆ ಅರ್ಧ ಬಲ ಅಲ್ಲೇ ಹೋಗುತ್ತದೆ.

ಯಜಮಾನರೂ ಈ ಮಾತುಕತೆಗೆ ಕೂರಲಿ. ಅವರಿಗೆ ಎಲ್ಲ ಉತ್ತರ ಗೊತ್ತಿರಬೇಕಿಲ್ಲ. ‘ಗೊತ್ತಿಲ್ಲ, ಫಾದರ್ ಹತ್ತಿರ ಕೇಳೋಣ ಬಾ’ ಎಂದರೂ ಸಾಕು. ಹಾಗಂತ ಸಿನಿಮಾವನ್ನು ಮತ್ತೆ ಹಾಕಬೇಡಿ. ಭಾರತದಲ್ಲಿ ಅದಕ್ಕೆ ಸಿಕ್ಕಿದ್ದು ‘ಎ’ ಪ್ರಮಾಣಪತ್ರ, ಮೈಗೆ ತಾನೇ ಹೊಡೆದುಕೊಳ್ಳುವ ಕ್ರೂರ ದೃಶ್ಯಗಳಿವೆ. ಹದಿನಾರರ ಹುಡುಗನಿಗೆ ಹದಿನೆಂಟರ ಸಿನಿಮಾ ಬೇಡ ಎಂದು ಹೇಳುವ ಹಕ್ಕು ನಿಮಗಿದೆ. ಆ ಕಾರಣಕ್ಕೆ ಬೇಡ ಅನ್ನಿ, ಪ್ರಶ್ನೆ ಹುಟ್ಟಿಸುತ್ತದೆ ಎಂಬ ಕಾರಣಕ್ಕಲ್ಲ.

ಬಂದ್ ಮಾಡುವ ಪ್ರಯೋಗವೂ ಇದೇ ಸಿನಿಮಾದ ಮೇಲೆ ನಡೆದಿತ್ತು. 2006ರಲ್ಲಿ ಆಂಧ್ರ, ತಮಿಳುನಾಡು, ಪಂಜಾಬ್, ಗೋವಾ, ನಾಗಾಲ್ಯಾಂಡ್ ಅದನ್ನು ನಿಷೇಧಿಸಿದವು. ಸುಪ್ರೀಂ ಕೋರ್ಟ್ ನಿಷೇಧದ ಅರ್ಜಿಯನ್ನು ಒಪ್ಪಲಿಲ್ಲ. ಆಂಧ್ರದ ನಿಷೇಧವನ್ನು ಅಲ್ಲಿನ ಹೈಕೋರ್ಟ್ ತೆಗೆದುಹಾಕಿತು, ತಮಿಳುನಾಡಿನದನ್ನು ಮದ್ರಾಸ್ ಹೈಕೋರ್ಟ್. ಈಗ ನಿಮ್ಮ ಮಗ ಮಂಚದ ಮೇಲೆ ಮಲಗಿಕೊಂಡೇ ನೋಡಿದ್ದಾನೆ.

ಇನ್ನೊಂದು ಮಾತು. ನಿರ್ದೇಶಕ ಪಸೋಲಿನಿ ನಾಸ್ತಿಕ, ಮಾರ್ಕ್ಸ್‌ವಾದಿ. 1963ರಲ್ಲಿ ಧರ್ಮನಿಂದೆಗಾಗಿ ಇಟಲಿಯ ಕೋರ್ಟ್ ಅವರಿಗೆ ಶಿಕ್ಷೆ ವಿಧಿಸಿತ್ತು. ಮರುವರ್ಷವೇ ಮತ್ತಾಯರ ಶುಭಸಂದೇಶವನ್ನು ಸಿನಿಮಾ ಮಾಡಿದರು. ಸಿನಿಮಾ ಎಂಬ ಕಲೆಗೆ ನೂರು ವರ್ಷ ತುಂಬಿದಾಗ, 1995ರಲ್ಲಿ, ವ್ಯಾಟಿಕನ್ ಮೆಚ್ಚಿದ 45 ಚಿತ್ರಗಳ ಪಟ್ಟಿಯಲ್ಲಿ ಅದೂ ಇದೆ. ಯಾರು ಮಾಡಿದರು ಎಂಬುದನ್ನಷ್ಟೇ ನೋಡಿ ‘ನಮ್ಮ ಸಿನಿಮಾ’, ‘ನಮ್ಮದಲ್ಲದ ಸಿನಿಮಾ’ ಅಂತ ವಿಂಗಡಿಸಲು ಆಗುವುದಿಲ್ಲ. ‘ನಮ್ಮದು’ ಎಂಬ ಧೈರ್ಯದಿಂದ ಎಡವುವುದೂ ಉಂಟು. 2004ರ ‘ದ ಪ್ಯಾಷನ್ ಆಫ್ ದ ಕ್ರೈಸ್ಟ್’ ಚಿತ್ರಕ್ಕೆ ಹಿಂಸೆಯ ಕಾರಣಕ್ಕೆ ಅಮೆರಿಕದಲ್ಲಿ ‘ಆರ್’ ರೇಟಿಂಗ್ (ಹದಿನೇಳು ತುಂಬದವರು ದೊಡ್ಡವರ ಜೊತೆಗಷ್ಟೇ ನೋಡಬಹುದು) ಸಿಕ್ಕಿತ್ತು. ನಮ್ಮಲ್ಲಿ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಬಂತೆಂದರೆ ಚಿಕ್ಕ ಮಕ್ಕಳಿಗೂ ಅದನ್ನು ತೋರಿಸುವವರಿದ್ದಾರೆ. ಚಾಟಿಯೇಟಿನ ಆ ದೃಶ್ಯ ಐದು ವರ್ಷದ ಮಗುವಿಗೆ ಭಕ್ತಿ ಕಲಿಸುವುದಿಲ್ಲ.

ಮಗಳ ವಿಷಯ ಸರಳ. ‘ಇದಕ್ಕೆಲ್ಲ ಹೆದರ್ತಾರಾ’ ಅಂತ ಯಾರೂ ಗೇಲಿ ಮಾಡಬಾರದು. ಸ್ವಲ್ಪ ದಿನ ನಿಮ್ಮ ಪಕ್ಕದಲ್ಲೇ ಮಲಗಲಿ. ಪರಿಚಯದ ಸಿಸ್ಟರ್ ಒಬ್ಬರನ್ನು ಮನೆಗೆ ಊಟಕ್ಕೆ ಕರೆಯಿರಿ. ಪಲ್ಯ ಬಡಿಸಿಕೊಂಡು ಹರಟೆ ಹೊಡೆಯುವ ಸಿಸ್ಟರ್ ಮುಂದೆ ಪರದೆಯ ದೆವ್ವ ಹೆಚ್ಚು ದಿನ ನಿಲ್ಲುವುದಿಲ್ಲ. ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಒಟಿಟಿ ಆ್ಯಪ್‌ಗಳಲ್ಲಿ ಅವಳಿಗೆ ಬೇರೆ ಪ್ರೊಫೈಲ್ ಮಾಡಿ, ನಿಮ್ಮದಕ್ಕೆ ಪಿನ್ ಹಾಕಿ. ಈಗ ಸೆನ್ಸಾರ್ ಪ್ರಮಾಣಪತ್ರದಲ್ಲೇ ಯುಎ 7+, 13+, 16+ ಎಂದು ಇರುತ್ತದೆ. ದೊಡ್ಡಮ್ಮನ ಮನೆಗೂ ಒಂದು ಮಾತು ಹೇಳಿಡಿ, ಮುಜುಗರವಾದರೂ ಸರಿ.

ಪಾಪನಿವೇದನೆ? ಕುತೂಹಲಕ್ಕೆ ಸಿನಿಮಾ ನೋಡಿ, ಸಂಶಯ ಬಂದು, ಅಮ್ಮನನ್ನು ಕೇಳಿದ್ದು ಪಾಪವಲ್ಲ. ಎ ಸಿನಿಮಾ ನೋಡಲು ವಯಸ್ಸು ಸುಳ್ಳು ಹೇಳಿದ್ದರೆ ಅದು ಬೇರೆ. ಅದನ್ನು ಹೇಳಿಕೊಳ್ಳುವುದು ಬಿಡುವುದು ಅವನಿಗೂ ಫಾದರಿಗೂ ಬಿಟ್ಟದ್ದು, ‘ಒಳಗೆ ಏನು ಹೇಳಿದೆ’ ಅಂತ ನೀವು ಆಮೇಲೆ ಅವನನ್ನು ಕೇಳಬೇಡಿ.