ಠಸ್ಸೆಯಲ್ಲಿರುವ ಊರು ಯಾರದು?

ಪ್ರಶ್ನೆ: ನಮ್ಮ ಮುತ್ತಜ್ಜಿಯಿಂದ ಬಂದ ಬೆಳ್ಳಿಯ ಚಮಚವೊಂದರ ಹಿಡಿಯ ಹಿಂಬದಿಯಲ್ಲಿ ಐದು ಸಣ್ಣ ಠಸ್ಸೆಗಳಿವೆ: ನಡೆಯುತ್ತಿರುವ ಸಿಂಹ, ಲಂಗರು, ಒಂದು ಇಂಗ್ಲಿಷ್ ಅಕ್ಷರ, ಪಕ್ಕಕ್ಕೆ ಮುಖಮಾಡಿದ ಒಂದು ತಲೆ ಮತ್ತು ಎರಡು ಇನಿಷಿಯಲ್ಲುಗಳು. ಲಂಗರು ಬರ್ಮಿಂಗ್‌ಹ್ಯಾಮ್ ನಗರದ ಗುರುತೆಂದು ತಿಳಿದುಬಂತು. ಹಾಗಾದರೆ ಮುತ್ತಜ್ಜಿಯ ತವರಿನವರು ಆ ನಗರದವರೆಂದು ವಂಶವೃಕ್ಷದಲ್ಲಿ ಬರೆಯಬಹುದೇ?

ಉತ್ತರ: ಬರೆಯಬೇಡಿ, ಈ ಚಮಚವೊಂದನ್ನೇ ನಂಬಿಯಂತೂ ಬರೆಯಬೇಡಿ. ಚಮಚದ ಬೆಳ್ಳಿ ಚೊಕ್ಕವಾಗಿದೆಯೇ ಎಂದು ಪರೀಕ್ಷಿಸಿದ ಕಚೇರಿ ಯಾವುದೆಂಬುದನ್ನಷ್ಟೇ ಲಂಗರು ಹೇಳುತ್ತದೆ. ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ನಗರಗಳಿಗೆ ಇಂಥ ಪರೀಕ್ಷಾ ಕಚೇರಿ ದೊರೆತದ್ದು 1773ರ ಕಾಯಿದೆಯಿಂದ. ಅದಕ್ಕೆ ಮುಂಚೆ ಅಲ್ಲಿನ ಬೆಳ್ಳಿ ಕೆಲಸಗಾರರು ತಮ್ಮ ಸರಕನ್ನು ಚೆಸ್ಟರ್‌ಗೋ ಲಂಡನ್ನಿಗೋ ಕಳುಹಿಸಿ ಠಸ್ಸೆ ಹಾಕಿಸಿಕೊಂಡು ತರಿಸಬೇಕಾಗಿತ್ತು. ಅಂದರೆ ಒಂದೂರಿನಲ್ಲಿ ಮಾಡಿದ ವಸ್ತುವಿನ ಮೇಲೆ ಇನ್ನೊಂದೂರಿನ ಗುರುತು ಬೀಳುವುದು ಆ ಕಾಲಕ್ಕೆ ದಿನನಿತ್ಯದ ಸಂಗತಿಯಾಗಿತ್ತು. ಹಾಗೆ ಗುರುತು ಪಡೆದ ಚಮಚವನ್ನು ವ್ಯಾಪಾರಿ ಕೊಂಡು, ಮತ್ತೊಂದು ಊರಿನಲ್ಲಿ, ಕೆಲವೊಮ್ಮೆ ಮತ್ತೊಂದು ಖಂಡದಲ್ಲಿ ಮಾರುತ್ತಿದ್ದನು. ಕೊಂಡವರು ಯಾರು, ಎಲ್ಲಿಯವರು ಎಂಬುದು ಠಸ್ಸೆಯ ವ್ಯಾಪ್ತಿಗೆ ಬರುವುದೇ ಇಲ್ಲ.

ಆದರೆ ಕಾಲದ ವಿಷಯದಲ್ಲಿ ಈ ಐದು ಠಸ್ಸೆಗಳು ಬಹಳ ಒಳ್ಳೆಯ ಸಾಕ್ಷಿಗಳು. ಸಿಂಹವೆಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ ಎಂಬ ಭರವಸೆ. ತಲೆಯೆಂದರೆ ಬೆಳ್ಳಿಯ ಮೇಲಿನ ಸುಂಕ ಸಂದಾಯವಾಗಿದೆ ಎಂಬ ರಸೀದಿ. ಅದನ್ನು ಒತ್ತುತ್ತಿದ್ದುದು 1784ರಿಂದ 1890ರವರೆಗೆ ಮಾತ್ರ. ಆದ್ದರಿಂದ ಚಮಚ ಆ ನೂರು ಚಿಲ್ಲರೆ ವರ್ಷಗಳ ಒಳಗಿನದೆಂಬುದು ತಲೆಯೊಂದರಿಂದಲೇ ಖಚಿತವಾಗುತ್ತದೆ. ವಿಕ್ಟೋರಿಯಾ ರಾಣಿಯ ತಲೆ ಎಡಕ್ಕೆ ಮುಖಮಾಡಿರುತ್ತದೆ. 1786ರಿಂದ ಅವಳ ಕಾಲದವರೆಗಿನ ಮೂವರು ದೊರೆಗಳ ತಲೆ ಬಲಕ್ಕೆ ತಿರುಗಿರುತ್ತದೆ. ಇನ್ನು ಒಂಟಿ ಅಕ್ಷರ ವರ್ಷವನ್ನು ಸೂಚಿಸುತ್ತದೆ. ಅಕ್ಷರಮಾಲೆ ಮುಗಿದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸುವಾಗ ಲಿಪಿಯ ಶೈಲಿಯನ್ನೋ ಅದರ ಸುತ್ತಲಿನ ಚೌಕಟ್ಟಿನ ಆಕಾರವನ್ನೋ ಬದಲಿಸುತ್ತಿದ್ದರು. ಆದಕಾರಣ ಅಕ್ಷರ ಯಾವುದೆಂದು ನೋಡಿದರೆ ಸಾಲದು, ಅದು ದೊಡ್ಡಕ್ಷರವೋ ಸಣ್ಣಕ್ಷರವೋ, ಚೌಕಟ್ಟಿನ ತಳ ಚೂಪೋ ದುಂಡೋ ಎಂಬುದನ್ನೂ ಭೂತಗನ್ನಡಿ ಹಿಡಿದು ನೋಡಬೇಕು. ಒಂದೊಂದು ಕಚೇರಿಯ ಅಕ್ಷರಸರಣಿಯೂ ಬೇರೆ ಬೇರೆಯಾಗಿದ್ದುದರಿಂದ ಲಂಡನ್ನಿನ ಪಟ್ಟಿಯನ್ನು ಹಿಡಿದು ಬರ್ಮಿಂಗ್‌ಹ್ಯಾಮಿನ ಅಕ್ಷರವನ್ನು ಓದಿದವರು ಮುತ್ತಜ್ಜಿಯನ್ನು ಅವಳ ಅಜ್ಜಿಯ ಕಾಲಕ್ಕೆ ತಳ್ಳಿಬಿಡುವುದುಂಟು. ಮತ್ತೊಂದು ಮಾತು: ಲಂಡನ್ನಿನಲ್ಲಿ ಈ ವರ್ಷಾಕ್ಷರ 1478ರಲ್ಲಿ ಆರಂಭವಾದದ್ದು ನಮ್ಮಂಥ ಕುತೂಹಲಿಗಳ ಅನುಕೂಲಕ್ಕಾಗಿ ಅಲ್ಲ. ಮುಂದೆಂದಾದರೂ ಬೆಳ್ಳಿ ಕಳಪೆಯೆಂದು ಗೊತ್ತಾದರೆ ಆ ವರ್ಷ ಪರೀಕ್ಷೆ ಮಾಡಿದವನು ಯಾರೆಂದು ಹಿಡಿದು ಕೇಳುವುದಕ್ಕಾಗಿ. ನಾವು ಇಂದು ಓದುತ್ತಿರುವುದು ಬೇರೆ ಯಾರದೋ ಲೆಕ್ಕ ತಪಾಸಣೆಯ ಕಡತವನ್ನು.

ಎರಡು ಇನಿಷಿಯಲ್ಲುಗಳನ್ನು ‘ತಯಾರಕರ ಮುದ್ರೆ’ ಎಂದು ಕರೆಯುವುದು ರೂಢಿ. ವಾಸ್ತವವಾಗಿ ಅದು ವಸ್ತುವನ್ನು ಪರೀಕ್ಷೆಗೆ ಒಪ್ಪಿಸಿ ಹೊಣೆ ಹೊತ್ತವರ ಮುದ್ರೆ. ಅವರು ಸ್ವತಃ ಸುತ್ತಿಗೆ ಹಿಡಿದಿರಬಹುದು, ಕಾರ್ಖಾನೆಯ ಒಡೆಯರಾಗಿರಬಹುದು, ಬರಿಯ ವ್ಯಾಪಾರಿಗಳೂ ಆಗಿರಬಹುದು. ಈ ಇನಿಷಿಯಲ್ಲುಗಳು ನಿಮ್ಮ ಮನೆತನದ ಹೆಸರಿಗೆ ಹೊಂದುತ್ತವೆಂದು ಹಿಗ್ಗಬೇಡಿ, ಏಕೆಂದರೆ ಎರಡಕ್ಷರಗಳು ಯಾರ ಹೆಸರಿಗಾದರೂ ಹೊಂದುತ್ತವೆ.

ನಿಮ್ಮ ಮನೆತನದ ಸುದ್ದಿ ಚಮಚದ ಮೇಲೆ ಇರುವುದೇ ಆದರೆ ಅದು ಹಿಡಿಯ ತುದಿಯಲ್ಲಿ ಕೈಯಿಂದ ಕೆತ್ತಿದ ಅಕ್ಷರಗಳಲ್ಲಿ ಇರುತ್ತದೆ. ಠಸ್ಸೆ ಕಚೇರಿಯ ಮಾತು, ಕೆತ್ತನೆ ಮನೆಯವರ ಮಾತು. ಹಳೆಯ ಇಂಗ್ಲಿಷ್ ಮತ್ತು ಅಮೆರಿಕನ್ ಬೆಳ್ಳಿಯ ಮೇಲೆ ಮೂರು ಅಕ್ಷರಗಳು ತ್ರಿಕೋನದಂತೆ ಜೋಡಿಸಿದ್ದರೆ ಸಾಮಾನ್ಯವಾಗಿ ಮೇಲಿನದು ಮನೆತನದ ಹೆಸರಿನ ಮೊದಲಕ್ಷರ, ಕೆಳಗೆ ಎಡಕ್ಕಿರುವುದು ಗಂಡನದು, ಬಲಕ್ಕಿರುವುದು ಹೆಂಡತಿಯದು. ಇಂಥ ಮೂರು ಅಕ್ಷರಗಳು ವರ್ಷಾಕ್ಷರದ ಜೊತೆ ಸೇರಿದರೆ ಮದುವೆಯ ದಾಖಲೆಗಳಲ್ಲಿ ಹುಡುಕಬೇಕಾದ ಜೋಡಿ ಯಾವುದೆಂಬುದು ಎಷ್ಟೋ ಕಿರಿದಾಗುತ್ತದೆ. ಕೆತ್ತನೆಯನ್ನು ಎಷ್ಟು ವರ್ಷಗಳ ನಂತರವಾದರೂ ಮಾಡಿಸಬಹುದು ಎಂಬುದು ಮಾತ್ರ ನೆನಪಿರಲಿ. ಒಬ್ಬರ ಅಕ್ಷರ ಉಜ್ಜಿ ಇನ್ನೊಬ್ಬರದನ್ನು ಕೆತ್ತಿದ್ದರೆ ಆ ಜಾಗ ಸ್ವಲ್ಪ ತೆಳುವಾಗಿ, ಬೆರಳಿಗೆ ತಗ್ಗಿನಂತೆ ಸಿಗುತ್ತದೆ. ದೊಡ್ಡ ಪಾತ್ರೆಗಳ ತಳದಲ್ಲಿ ಸೂಜಿಯಿಂದ ಗೀರಿದಂಥ ಅಂಕಿಗಳಿದ್ದರೆ ಅವು ಬಹುಮಟ್ಟಿಗೆ ತೂಕದ ಗುರುತುಗಳು. ಉಯಿಲು ಮತ್ತು ಆಸ್ತಿಪಟ್ಟಿಗಳಲ್ಲಿ ಬೆಳ್ಳಿಯನ್ನು ತೂಕದ ಸಮೇತ ಬರೆಯುತ್ತಿದ್ದುದರಿಂದ, ಯಾರೂ ಲೆಕ್ಕಿಸದ ಆ ಗೀರು ನಿಮ್ಮ ಪಾತ್ರೆಯನ್ನು ಒಂದು ನಿರ್ದಿಷ್ಟ ಮನೆಯ ನಿರ್ದಿಷ್ಟ ಕಾಗದಕ್ಕೆ ಕಟ್ಟಿಕೊಡಬಲ್ಲದು.

ಪ್ರಶ್ನೆ: ನಮ್ಮಲ್ಲಿರುವ ತಟ್ಟೆಯ ಹಿಂದೆ ನಾಲ್ಕು ಪುಟ್ಟ ಚೌಕಟ್ಟುಗಳಲ್ಲಿ ‘ಇ’, ‘ಪಿ’, ‘ಎನ್’, ‘ಎಸ್’ ಎಂಬ ಇಂಗ್ಲಿಷ್ ಅಕ್ಷರಗಳಿವೆ. ಇದು ಯಾವ ಮನೆತನದ ಮುದ್ರೆ?

ಉತ್ತರ: ಯಾವ ಮನೆತನದ್ದೂ ಅಲ್ಲ. ನಿಕ್ಕಲ್ ಬೆರೆತ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪ ಕೊಟ್ಟ ವಸ್ತು ಎಂಬುದರ ಸಂಕ್ಷಿಪ್ತ ರೂಪವದು. ಈ ವಿಧಾನಕ್ಕೆ ಎಲ್ಕಿಂಗ್‌ಟನ್ ಸಂಸ್ಥೆ ಪೇಟೆಂಟ್ ಪಡೆದದ್ದು 1840ರಲ್ಲಿ. ಆದ್ದರಿಂದ ತಟ್ಟೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಅಕ್ಷರಗಳನ್ನು ಬಿಡಿಬಿಡಿ ಚೌಕಟ್ಟಿನಲ್ಲಿ ಕೂಡಿಸಿದ್ದು ಅಸಲಿ ಬೆಳ್ಳಿಯ ಹಾಲ್‌ಮಾರ್ಕಿನಂತೆ ಕಾಣಲಿ ಎಂಬ ಜಾಣತನದಿಂದ.

ಪ್ರಶ್ನೆ: ಅಜ್ಜಿಯ ಪಿಂಗಾಣಿ ತಟ್ಟೆಗಳ ತಳದಲ್ಲಿ ಎರಡು ಮುದ್ರೆಗಳಿವೆ. ಹಸಿರು ಬಣ್ಣದ ಒಂದರಲ್ಲಿ ಫ್ರಾನ್ಸಿನ ಲಿಮೋಜ್ ಎಂಬ ಹೆಸರಿದೆ. ಇನ್ನೊಂದು ಕೈಬರಹದ ಸಹಿಯಂತಿದೆ. ಅಜ್ಜಿಯ ಹಿರಿಯರು ಫ್ರಾನ್ಸಿನಿಂದ ವಲಸೆ ಬಂದರೆಂಬ ಮನೆಮಾತಿಗೆ ಇದು ಪುರಾವೆಯಾಗಬಹುದೇ?

ಉತ್ತರ: ಮೊದಲನೆಯ ಮುದ್ರೆ ಪುರಾವೆಯಾಗುವುದಿಲ್ಲ, ಎರಡನೆಯದು ಬೇರೊಂದು ಪುರಾವೆಯಾದೀತು. ಲಿಮೋಜ್ ಕಾರ್ಖಾನೆಗಳು ಚಿತ್ರವಿಲ್ಲದ ಬಿಳಿಯ ಪಿಂಗಾಣಿಯನ್ನು ದೊಡ್ಡ ಪ್ರಮಾಣದಲ್ಲಿ ಹೊರದೇಶಗಳಿಗೆ, ಮುಖ್ಯವಾಗಿ ಅಮೆರಿಕಕ್ಕೆ, ಕಳುಹಿಸುತ್ತಿದ್ದವು. ಅದನ್ನು ಕೊಂಡು ಮನೆಯಲ್ಲಿಯೇ ಹೂಬಳ್ಳಿ ಬರೆದು ಸುಡಿಸುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅನೇಕ ಮಹಿಳೆಯರ ಮೆಚ್ಚಿನ ಕಲೆಯಾಗಿತ್ತು. ತಟ್ಟೆಯ ತಳವನ್ನು ಬೆಳಕಿಗೆ ಓರೆಯಾಗಿ ಹಿಡಿದು ಬೆರಳಾಡಿಸಿ ನೋಡಿ. ಕಾರ್ಖಾನೆಯ ಮುದ್ರೆ ಮೆರುಗಿನ ಕೆಳಗಿದ್ದು ನುಣುಪಾಗಿ ಹತ್ತುತ್ತಿದ್ದರೆ, ಸಹಿ ಮೆರುಗಿನ ಮೇಲಿದ್ದು ತುಸು ಉಬ್ಬಾಗಿ ಹತ್ತುತ್ತಿದ್ದರೆ, ಮಾಡಿದ ಜಾಗ ಒಂದು, ಬಣ್ಣ ಬರೆದ ಕೈ ಇನ್ನೊಂದು ಎಂದು ತಿಳಿಯಬೇಕು. ಆ ಸಹಿ ನಿಮ್ಮ ಅಜ್ಜಿಯ ಬಂಧುಗಳಲ್ಲೊಬ್ಬರದು ಎಂದಾದರೆ ಫ್ರಾನ್ಸಿಗಿಂತ ಹತ್ತಿರದ ಒಂದು ನಿಧಿ ನಿಮಗೆ ಸಿಕ್ಕಂತಾಯಿತು. ಹಳೆಯ ಪತ್ರಗಳಲ್ಲಿನ ಕೈಬರಹದ ಜೊತೆ ಅದನ್ನು ಹೋಲಿಸಿ ನೋಡಿ.

ದೇಶದ ಹೆಸರು ಮುದ್ರೆಯಲ್ಲಿ ಇರುವುದಕ್ಕೂ ಒಂದು ಹಿನ್ನೆಲೆಯಿದೆ. ಅಮೆರಿಕದ 1890ರ ಸುಂಕ ಕಾಯಿದೆಯ ಪ್ರಕಾರ 1891ರ ಮಾರ್ಚಿನಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕಾಯಿತು. ಜಪಾನಿನ ಸರಕಿನ ಮೇಲೆ ಮೊದಲು ಆ ದೇಶದ ಜಪಾನಿ ಹೆಸರಾದ ‘ನಿಪ್ಪಾನ್’ ಎಂದಿದ್ದುದು 1921ರ ನಂತರ ‘ಜಪಾನ್’ ಎಂದಾದದ್ದೂ ಅಮೆರಿಕದ ಸುಂಕದವರ ಅಪ್ಪಣೆಯಿಂದಲೇ. ಹೆಸರಿದ್ದರೆ ತಟ್ಟೆ ಬಹುಶಃ 1891ರ ಈಚಿನದು ಎನ್ನಬಹುದು. ಹೆಸರಿಲ್ಲದ ಮಾತ್ರಕ್ಕೆ ಅದಕ್ಕಿಂತ ಹಳೆಯದು ಎನ್ನಲಾಗದು, ಏಕೆಂದರೆ ಅಮೆರಿಕಕ್ಕೆ ಹೋಗದ ಸರಕಿಗೆ ಆ ಕಟ್ಟುಪಾಡು ಇರಲಿಲ್ಲ. ಬ್ರಿಟಿಷ್ ಪಿಂಗಾಣಿಯ ಮೇಲೆ ವಜ್ರಾಕೃತಿಯ ಮುದ್ರೆಯಿದ್ದರೆ ಅದು 1842ರಿಂದ 1883ರ ನಡುವೆ ವಿನ್ಯಾಸ ನೋಂದಣಿಯಾದ ದಿನ, ತಿಂಗಳು, ವರ್ಷಗಳನ್ನು ಸಂಕೇತದಲ್ಲಿ ಹೇಳುತ್ತದೆ; 1884ರಿಂದ ಅದರ ಬದಲು ಕ್ರಮಸಂಖ್ಯೆ ಬಂತು. ಆ ದಫ್ತರಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಇದು ವಿನ್ಯಾಸ ಹುಟ್ಟಿದ ದಿನವೇ ಹೊರತು ನಿಮ್ಮ ತಟ್ಟೆ ಹುಟ್ಟಿದ ದಿನವಲ್ಲ.

ಪ್ರಶ್ನೆ: ನಮ್ಮ ಹಿರಿಯರೊಬ್ಬರು ಇಂಗ್ಲೆಂಡಿನಲ್ಲಿ ಬೆಳ್ಳಿ ಕೆಲಸಗಾರರಾಗಿದ್ದರೆಂದು ಹೇಳುತ್ತಾರೆ. ಅವರ ಮುದ್ರೆ ಸಿಕ್ಕರೆ ಮನೆತನದ ಮೂಲ ಸಿಗುತ್ತದೆಯೇ?

ಉತ್ತರ: ವಸ್ತುವನ್ನು ಕೊಂಡವರ ವಂಶಕ್ಕಿಂತ ಮಾಡಿದವರ ವಂಶವನ್ನು ಹುಡುಕುವುದರಲ್ಲಿ ಮುದ್ರೆ ಹೆಚ್ಚು ನೆರವಾಗುತ್ತದೆ. ಇಂಗ್ಲೆಂಡಿನಲ್ಲಿ 1363ರಿಂದಲೇ ಕೆಲಸಗಾರರು ತಮ್ಮದೇ ಮುದ್ರೆ ಇಟ್ಟುಕೊಳ್ಳಬೇಕಾಗಿತ್ತು. ಲಂಡನ್ನಿನ ಅಕ್ಕಸಾಲಿಗರ ಸಂಘದಲ್ಲಿ 1697ರಿಂದೀಚಿನ ಮುದ್ರೆಗಳ ದಫ್ತರಗಳು, ನಡುವೆ ಕಳೆದುಹೋದ ಕೆಲವನ್ನು ಬಿಟ್ಟರೆ, ಹೆಸರು ವಿಳಾಸಗಳ ಸಮೇತ ಉಳಿದಿವೆ. ಹೆಸ್ಟರ್ ಬೇಟ್‌ಮನ್ ಎಂಬ ವಿಧವೆ ಗಂಡ ತೀರಿಕೊಂಡ ಮೇಲೆ 1761ರಲ್ಲಿ ತನ್ನ ಹೆಸರಿನಲ್ಲಿ ಮುದ್ರೆ ನೋಂದಾಯಿಸಿ ದೊಡ್ಡ ಕಸುಬನ್ನೇ ನಡೆಸಿದ್ದು ನಮಗೆ ಗೊತ್ತಾಗಿರುವುದು ಇಂಥ ದಾಖಲೆಯಿಂದ. ಹೆಣ್ಣುಮಕ್ಕಳ ದುಡಿಮೆ ಕಾಗದದ ಮೇಲೆ ಅಪರೂಪಕ್ಕೆ ಕಾಣುವ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೆ ಮುದ್ರೆಯ ದಫ್ತರದಲ್ಲಿರುವುದು ಅಂಗಡಿಯ ವಿಳಾಸವಷ್ಟೇ. ಹುಟ್ಟೂರಿಗೆ ಹೋಗಬೇಕಾದರೆ ಅಲ್ಲಿಂದ ಶಿಷ್ಯವೃತ್ತಿಯ ದಾಖಲೆಗೆ ದಾಟಬೇಕು. ಹುಡುಗನೊಬ್ಬ ಸಾಮಾನ್ಯವಾಗಿ ಏಳು ವರ್ಷಗಳ ಕಾಲ ಗುರುವಿನ ಬಳಿ ಕೆಲಸ ಕಲಿಯಲು ಒಪ್ಪಂದವಾದಾಗ ಅವನ ತಂದೆಯ ಹೆಸರು, ಊರು, ಕಸುಬುಗಳನ್ನು ಸಂಘದವರು ಬರೆದುಕೊಳ್ಳುತ್ತಿದ್ದರು. ಇದಲ್ಲದೆ 1710ರಿಂದ ಇಂಥ ಒಪ್ಪಂದಗಳ ಮೇಲೆ ಸರ್ಕಾರವೂ ತೆರಿಗೆ ವಿಧಿಸುತ್ತಿದ್ದುದರಿಂದ 1811ರವರೆಗಿನ ಅದರದೇ ಪ್ರತ್ಯೇಕ ದಫ್ತರಗಳು ಇವೆ, ಮತ್ತು ಸುಮಾರು 1752ರ ತನಕ ಅವುಗಳಲ್ಲಿಯೂ ತಂದೆತಾಯಿಯರ ಹೆಸರು ಸಿಗುತ್ತದೆ. ಗುರುವಿಗೆ ಹಣ ಕೊಟ್ಟಾಗ ಮಾತ್ರ ತೆರಿಗೆ. ತಂದೆಯ ಕೈಯಲ್ಲಿಯೇ ಕಲಿತ ಮಗ ಈ ತೆರಿಗೆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಈ ದಾಟುವಿಕೆ ಏಕೆ ಅಗತ್ಯ ಎಂಬುದಕ್ಕೆ ಬೆಳ್ಳಿ ಕೆಲಸಗಾರ ಪಾಲ್ ಡಿ ಲಾಮೆರಿಯ ಉದಾಹರಣೆ ಸಾಕು. ಅವನ ಬೆಳ್ಳಿಯ ಮೇಲಿನ ಠಸ್ಸೆಗಳೆಲ್ಲ ಲಂಡನ್ನಿನವು. ಅವನು ಹುಟ್ಟಿದ್ದು ಮಾತ್ರ 1688ರಲ್ಲಿ ನೆದರ್ಲೆಂಡ್ಸಿನಲ್ಲಿ. ತಂದೆತಾಯಿಗಳು ಮತದ ಕಾರಣಕ್ಕೆ ಫ್ರಾನ್ಸ್ ತೊರೆದ ಹ್ಯೂಗನಾಟರು, ಅಂದರೆ ಫ್ರೆಂಚ್ ಪ್ರಾಟೆಸ್ಟೆಂಟರು. ಅಮೆರಿಕದ ಪಾಲ್ ರಿವೀರ್ ತನ್ನ ಬೆಳ್ಳಿಯ ಮೇಲೆ ಒತ್ತಿದ ‘ರಿವೀರ್’ ಎಂಬ ಹೆಸರೂ ಹೀಗೆಯೇ: ಹುಡುಗನಾಗಿ ಬಾಸ್ಟನ್ನಿಗೆ ಬಂದು ಜಾನ್ ಕೋನಿ ಎಂಬ ಬೆಳ್ಳಿ ಕೆಲಸಗಾರನ ಬಳಿ ಕಲಿತ ಅವನ ತಂದೆ ಹುಟ್ಟಿನಿಂದ ಅಪೊಲೋಸ್ ರಿವ್ವಾರ್ ಎಂಬ ಫ್ರೆಂಚ್ ಹ್ಯೂಗನಾಟ್. ಮುದ್ರೆಯಲ್ಲಿರುವುದು ವಲಸೆ ಮುಗಿದ ಮೇಲಿನ ಹೆಸರು.

ದಿನಾಂಕಗಳ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಂಗ್ಲೆಂಡಿನ ಕಾಗದಪತ್ರಗಳಲ್ಲಿ 1752ಕ್ಕೆ ಮುಂಚೆ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ರಂದು. ಲಾಮೆರಿಯ ಮೊದಲ ಮುದ್ರೆ ದಫ್ತರದಲ್ಲಿ 1712ರ ಫೆಬ್ರವರಿಯದೆಂದು ಇದ್ದರೆ ನಮ್ಮ ಲೆಕ್ಕಕ್ಕೆ ಅದು 1713. ಇದನ್ನು ಮರೆತರೆ ಮದುವೆಗೆ ಮೊದಲೇ ಮಗು ಹುಟ್ಟಿದಂಥ ಮುಜುಗರಗಳು ವಂಶವೃಕ್ಷದಲ್ಲಿ ಕಾಣಿಸಿಕೊಳ್ಳುತ್ತವೆ.

ಪ್ರಶ್ನೆ: ಅಜ್ಜನ ಜೇಬುಗಡಿಯಾರದ ಮುಖದ ಮೇಲೆ ಒಬ್ಬರ ಹೆಸರು ಮತ್ತು ಊರಿನ ಹೆಸರು ಇದೆ, ಒಳಗಿನ ಯಂತ್ರದ ಮೇಲೆ ಬೇರೆಯೇ ಹೆಸರಿದೆ, ಹೊರಕವಚದಲ್ಲಿ ಮೂರನೆಯವರ ಇನಿಷಿಯಲ್ಲುಗಳಿವೆ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಮೂರನ್ನೂ ನಂಬಿ, ಆದರೆ ಒಂದೊಂದನ್ನು ಒಂದೊಂದಕ್ಕೆ. ಯಂತ್ರದ ಮೇಲಿನ ಹೆಸರು ಮತ್ತು ಕ್ರಮಸಂಖ್ಯೆಯಿಂದ ಕಾಲ ತಿಳಿಯುತ್ತದೆ. ವಾಲ್ತಾಮ್, ಎಲ್ಜಿನ್ ಮುಂತಾದ ದೊಡ್ಡ ಅಮೆರಿಕನ್ ಕಾರ್ಖಾನೆಗಳ ಕ್ರಮಸಂಖ್ಯೆಗಳಿಗೆ ವರ್ಷವಾರು ಪಟ್ಟಿಗಳೇ ಇವೆ. ಕವಚದ ಇನಿಷಿಯಲ್ಲುಗಳು ಕವಚ ಮಾಡಿದವರವು. ಯಂತ್ರ ಮತ್ತು ಕವಚಗಳನ್ನು ಬೇರೆ ಬೇರೆಯಾಗಿ ಆರಿಸಿಕೊಳ್ಳುವ ರೂಢಿ ಅಮೆರಿಕದಲ್ಲಿ ಇದ್ದುದರಿಂದ ಅವೆರಡೂ ಒಂದೇ ವರ್ಷದವಾಗಿರಬೇಕೆಂದಿಲ್ಲ. ನಿಮಗೆ ಹೆಚ್ಚು ಬೆಲೆಯುಳ್ಳದ್ದು ಮುಖದ ಮೇಲಿನ ಹೆಸರು, ಏಕೆಂದರೆ ಅದು ಬಹುಶಃ ಮಾರಿದ ಅಂಗಡಿಯವನದು. ಹೆಸರಾಂತ ಕಾರ್ಖಾನೆಯ ಸರಕು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಸಣ್ಣ ಊರಿನ ಸಣ್ಣ ಅಂಗಡಿಗೆ ಬರುತ್ತಿದ್ದವರು ಹೆಚ್ಚಾಗಿ ಸುತ್ತಮುತ್ತಲಿನವರು. ಮನೆತನದ ನೆಲೆ ಹುಡುಕುವವರಿಗೆ ಯಾರೂ ಕೇಳರಿಯದ ಹೆಸರೇ ಒಳ್ಳೆಯ ಹೆಸರು. ಆ ಊರಿನ ಹಳೆಯ ವ್ಯಾಪಾರಿ ಡೈರೆಕ್ಟರಿಗಳಲ್ಲಿ ಅಂಗಡಿ ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಬೀದಿಯಲ್ಲಿತ್ತೆಂದು ನೋಡಿ, ಅದೇ ವರ್ಷಗಳ ಜನಗಣತಿಯಲ್ಲಿ ನಿಮ್ಮವರನ್ನು ಹುಡುಕಿರಿ.

ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಕೂದಲಿನಷ್ಟು ತೆಳುವಾದ ಗೀರುಬರಹವೂ ಇರಬಹುದು. ರಿಪೇರಿ ಮಾಡಿದವರು ತಮ್ಮ ಗುರುತು, ಕೆಲಸದ ಸಂಖ್ಯೆ, ಕೆಲವೊಮ್ಮೆ ದಿನಾಂಕವನ್ನು ಹೀಗೆ ಗೀಚಿಡುತ್ತಿದ್ದರು. ಮೂರು ನಾಲ್ಕು ರಿಪೇರಿಗಳ ದಿನಾಂಕ ಸಿಕ್ಕರೆ ಗಡಿಯಾರ ಯಾವ ವರ್ಷಗಳಲ್ಲಿ ನಡೆಯುತ್ತಿತ್ತು, ಯಾವಾಗ ಪೆಟ್ಟಿಗೆ ಸೇರಿತು ಎಂಬುದು ಅಂದಾಜಿಗೆ ಬರುತ್ತದೆ. ಅಜ್ಜನ ಮತ್ತು ಅವರ ತಂದೆಯ ಆಯುಷ್ಯದ ವರ್ಷಗಳ ಪಕ್ಕದಲ್ಲಿ ಅವನ್ನು ಬರೆದಿಟ್ಟರೆ ಗಡಿಯಾರ ಮೊದಲು ಯಾರ ಜೇಬಿನಲ್ಲಿತ್ತೆಂಬುದೂ ತಿಳಿಯಬಹುದು. ಆದ್ದರಿಂದ ಮುಚ್ಚಳವನ್ನು ಬಲ್ಲವರಿಂದಲೇ ತೆಗೆಸಿ, ಪಾಲಿಶ್ ಮಾಡಿಸುವ ಮೊದಲು, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, ಅಳತೆಪಟ್ಟಿಯೊಂದನ್ನು ಜೊತೆಗಿಟ್ಟು ಚಿತ್ರ ತೆಗೆದುಕೊಳ್ಳಿ. ಹೊಳಪು ಕೊಡುವ ಪುಡಿ ಮೊದಲು ಅಳಿಸುವುದು ಈ ಗೀರುಗಳನ್ನೇ.